ಕೆಂಪು ಮಿಯಾಟಾ, ಬೆಳ್ಳಿ ಮಿಯಾಟಾ: ಸಾಲ್ವೇಜ್ ಕಾರು ತಗೊಂಡು ಕೈ ಸುಟ್ಟುಕೊಂಡವನ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ, ಈಗ ನನ್ನ ಗರಾಜಿನಲ್ಲಿ ಇರುವುದು ಬೆಳ್ಳಿ ಬಣ್ಣದ್ದು. ಕೆಂಪನ್ನು ಮಾರಿ ವರ್ಷದ ಮೇಲಾಯಿತು. ಮನೆಯಲ್ಲಿ ಅದರ ಮಾತು ಬಂದರೆ ನಾನು ಎದ್ದು ಹೋಗಿ ನೀರು ಕುಡಿದು ಬರುತ್ತೇನೆ.

ಎರಡೂ ಮಾಜ್ದಾ ಮಿಯಾಟಾಗಳೇ. ಎರಡೇ ಸೀಟು, ಬಟ್ಟೆಯ ಟಾಪು, ಮ್ಯಾನುಯಲ್ ಗೇರು. ಕೆಂಪು 2016ರದ್ದು, 41,000 ಮೈಲಿ ಓಡಿತ್ತು, ಟೈಟಲ್ ಮೇಲೆ ‘ರೀಬಿಲ್ಟ್ ಸಾಲ್ವೇಜ್’ ಎಂಬ ಷರಾ, ಅಂದರೆ ಗುಜರಿ ಅನ್ನಿಸಿಕೊಂಡು ಆಮೇಲೆ ರಿಪೇರಿಯಾಗಿ ಬಂದದ್ದು. ಕೊಟ್ಟದ್ದು 12,800 ಡಾಲರ್. ಬೆಳ್ಳಿ 2008ರದ್ದು, 1,18,000 ಮೈಲಿ ಓಡಿ ಹಣ್ಣಾಗಿದ್ದದ್ದು, ಆದರೆ ಟೈಟಲ್ ಕ್ಲೀನು. ಕೊಟ್ಟದ್ದು 7,900. ಹಾರ್ಸ್‌ಪವರ್ ಎಷ್ಟು, ಮೈಲೇಜು ಎಷ್ಟು ಎನ್ನುವುದನ್ನೆಲ್ಲ ಬೇಕಾದವರು ಹುಡುಕಿಕೊಳ್ಳಬಹುದು.

ಅಮೆರಿಕಕ್ಕೆ ಹೊಸದಾಗಿ ಬಂದವರಿಗಾಗಿ ಎರಡು ಮಾತು. ಟೈಟಲ್ ಅಂದರೆ ಇಲ್ಲಿ ಕಾರಿನ ಒಡೆತನದ ಪತ್ರ, ಹೆಚ್ಚುಕಡಿಮೆ ನಮ್ಮ ಆರ್‌ಸಿ ಇದ್ದ ಹಾಗೆ. ಕಾರು ಗುದ್ದಿಸಿಕೊಂಡೋ ಪ್ರವಾಹದಲ್ಲಿ ಮುಳುಗಿಯೋ ಹಾಳಾಗಿ, ರಿಪೇರಿ ಖರ್ಚು ಕಾರಿನ ಬೆಲೆಯ ಇಂತಿಷ್ಟು ಪಾಲು ದಾಟಿದರೆ, ಇನ್ಶೂರೆನ್ಸಿನವರು ಟೋಟಲ್ ಲಾಸ್ ಅಂತ ಬರೆದು ಮಾಲೀಕನಿಗೆ ದುಡ್ಡು ಕೊಟ್ಟು ಕಾರನ್ನು ಹರಾಜಿಗೆ ಹಾಕುತ್ತಾರೆ. ಆ ಪಾಲು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಫ್ಲಾರಿಡಾದಲ್ಲಿ ಶೇ. 80, ನಾನಿರುವ ಟೆಕ್ಸಸ್‌ನಲ್ಲಿ ಶೇ. 100. ಅಂದರೆ ಟೆಕ್ಸಸ್ ಕಾನೂನು ಸಾಲ್ವೇಜ್ ಅನ್ನುವುದು ಸರಿಮಾಡಲು ತನ್ನ ಬೆಲೆಗಿಂತ ಹೆಚ್ಚು ಖರ್ಚಾಗುವ ಕಾರನ್ನು. ಅಂಥದ್ದನ್ನು ಒಬ್ಬ ಹರಾಜಿನಲ್ಲಿ ಕೊಂಡು, ಸರಿಮಾಡಿ, ತನ್ನ ಲಾಭ ಇಟ್ಟುಕೊಂಡು, ಮಾರ್ಕೆಟ್ಟಿಗಿಂತ ಆರು ಸಾವಿರ ಡಾಲರ್ ಕಡಿಮೆಗೆ ನನಗೆ ಕೊಡುತ್ತಾನೆ ಎಂದರೆ ಎಲ್ಲೋ ಏನೋ ಮಾಡದೆ ಬಿಟ್ಟಿರಲೇಬೇಕು ತಾನೆ? ಏಳನೇ ಕ್ಲಾಸಿನ ಲಾಭ-ನಷ್ಟದ ಲೆಕ್ಕ. ಅದು ನನಗೆ ಹೊಳೆದದ್ದು ಕಾರು ಮನೆಗೆ ಬಂದು ಐದು ತಿಂಗಳಾದ ಮೇಲೆ.

ಇನ್ನೊಂದು ಸಂಗತಿ. ಗುಜರಿಯಾಗಿದ್ದ ಕಾರನ್ನು ಮತ್ತೆ ರಸ್ತೆಗೆ ತರಲು ಇಲ್ಲಿ ವಿಟಿಆರ್-61 ಅಂತ ಒಂದು ಫಾರಂ ಇದೆ. ಏನೇನು ರಿಪೇರಿ ಮಾಡಿದೆ, ಬಿಡಿಭಾಗ ಎಲ್ಲಿಂದ ತಂದೆ ಅನ್ನುವುದನ್ನು ರಿಪೇರಿ ಮಾಡಿದವನೇ ಬರೆದು ಸಹಿ ಹಾಕಿ ಕೊಡಬೇಕು. ವೆಲ್ಡಿಂಗ್ ಸರಿಯಿದೆಯೋ ಇಲ್ಲವೋ ಅಂತ ಯಾರೂ ಕಾರಿನ ಕೆಳಗೆ ತೂರಿ ನೋಡುವುದಿಲ್ಲ. 2023ರಲ್ಲಿ ನಾನು ಕೊಂಡಾಗ ವರ್ಷಕ್ಕೊಂದು ಸೇಫ್ಟಿ ಇನ್‌ಸ್ಪೆಕ್ಷನ್ ಇತ್ತು: ಹಾರ್ನು, ವೈಪರು, ಲೈಟು, ಬ್ರೇಕು, ಟೈರು. ಕೆಂಪು ಕಾರು ಅದರಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸು. 2025ರ ಜನವರಿಯಿಂದ ಖಾಸಗಿ ಕಾರುಗಳಿಗೆ ಅದನ್ನೂ ತೆಗೆದುಹಾಕಿದ್ದಾರೆ. ಆಸ್ಟಿನ್ ಸುತ್ತಿನ ನಮ್ಮಂಥವರಿಗೆ ಈಗ ಉಳಿದಿರುವುದು ಹೊಗೆ ಪರೀಕ್ಷೆ ಮಾತ್ರ.

ಕೆಂಪಿನ ಪರವಾಗಿಯೂ ಹೇಳಬೇಕಾದದ್ದು ಇದೆ. ಮಾರ್ಚ್ ತಿಂಗಳು, ರಸ್ತೆ ಬದಿಯಲ್ಲೆಲ್ಲ ಬ್ಲೂಬಾನೆಟ್ ಹೂ ಬಿಟ್ಟಿತ್ತು, ಟಾಪು ತೆಗೆದು ಟೆಸ್ಟ್ ಡ್ರೈವ್ ಹೋದೆ. ಮೂರನೇ ಗೇರಿನಲ್ಲಿ ತಿರುವು ತಗೊಳ್ಳುವಾಗ ಕಾರು ಕೈಬೆರಳ ತುದಿಯಲ್ಲಿ ಇದ್ದ ಹಾಗಿತ್ತು. ಮಾರುವವನು ‘ಮುಂದಿನ ಬಂಪರು ಮತ್ತೆ ಒಂದು ಫೆಂಡರು, ಅಷ್ಟೇ’ ಅಂದ. ನಾನು ‘ಅಷ್ಟೇ ತಾನೇ’ ಅಂದೆ. ನಮ್ಮಪ್ಪ ಅರಸೀಕೆರೆಯಲ್ಲಿ ಸೆಕೆಂಡ್ ಹ್ಯಾಂಡ್ ಚೇತಕ್ ತಗೊಳ್ಳುವಾಗ ಮೆಕ್ಯಾನಿಕ್ಕನ್ನು ಜೊತೆಯಲ್ಲೇ ಕರೆದುಕೊಂಡು ಹೋಗಿ, ಸ್ಕೂಟರನ್ನು ಗೋಣಿಚೀಲದ ಮೇಲೆ ಮಲಗಿಸಿ ಅಡಿಭಾಗ ನೋಡಿಸಿದ್ದರು. ಅವರ ಮಗ 12,800 ಡಾಲರ್ ಎಣಿಸಿಕೊಟ್ಟು, ಬಗ್ಗಿ ಕೂಡ ನೋಡಲಿಲ್ಲ.

ಈಗ ಟೈರಿನ ಕಥೆ.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಕಾರು ತೊಳೆಯುತ್ತಾ ಹಿಂದಿನ ಎಡ ಚಕ್ರದ ಒಳಬದಿಗೆ ಕೈ ಹಾಕಿದೆ. ಬೆರಳಿಗೆ ಚುರುಕ್ಕೆಂದಿತು. ನೋಡಿದರೆ ರಬ್ಬರು ಸವೆದು ಒಳಗಿನ ತಂತಿ ಹೊರಗೆ ಬಂದಿದೆ. ಹೊರಬದಿಯ ಪಟ್ಟೆಗಳು ಮಾತ್ರ ಹೊಸ ಟೈರಿನ ಹಾಗೆ ಇವೆ. ಟೈರು ಹಾಕಿಸಿ ಆರು ಸಾವಿರ ಮೈಲಿ ಕೂಡ ಆಗಿರಲಿಲ್ಲ. ಹಿಂದಿನ ಎರಡೂ ಟೈರು ಬದಲಾಯಿಸಿ ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ಎರಡು ತಿಂಗಳಲ್ಲಿ ಒಳಬದಿ ಮತ್ತೆ ಗರಗಸದ ಹಲ್ಲಿನ ಹಾಗೆ. ಇನ್ನೊಂದು ಅಂಗಡಿ, ಮತ್ತೆ ಅಲೈನ್‌ಮೆಂಟ್, ಮತ್ತೆ 130 ಡಾಲರ್. ಅವರು ಕೊಟ್ಟ ಪ್ರಿಂಟೌಟಿನಲ್ಲಿ ನಾಲ್ಕು ಚಕ್ರಗಳ ಅಂಕಿ ಹಸಿರು ಮತ್ತು ಕೆಂಪು ಚೌಕಗಳಲ್ಲಿ ಇರುತ್ತದೆ. ಮೂರು ಚಕ್ರ ಹಸಿರು, ಹಿಂದಿನ ಎಡ ಕೆಂಪು. ಮೊದಲ ಅಂಗಡಿಯಲ್ಲಿ ಈ ಕಾಗದವನ್ನೇ ಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ.

‘ಸರಿ, ಆ ಒಂದನ್ನೂ ಹಸಿರು ಮಾಡಿ’ ಅಂದೆ. ಅಲ್ಲಿದ್ದ ಹುಡುಗ ನನ್ನನ್ನು ಲಿಫ್ಟಿನ ಕೆಳಗೆ ಕರೆದುಕೊಂಡು ಹೋಗಿ ಟಾರ್ಚು ಬಿಟ್ಟ. ಈ ಕಾರಿನ ಹಿಂದಿನ ಸಸ್ಪೆನ್ಷನ್‌ನಲ್ಲಿ ಚಕ್ರದ ಕೋನ ಹೊಂದಿಸಲು ಒಂದು ಬೋಲ್ಟು ಇದೆ, ಅದರ ತಲೆಗೆ ಅಂಟಿದ ಹಾಗೆ ನಡು ತಪ್ಪಿದ ಒಂದು ಬಿಲ್ಲೆ, ಬಿಲ್ಲೆಯ ಮೇಲೆ ಗೀಟುಗಳು. ತಿರುಗಿಸಿದರೆ ಚಕ್ರ ಒಂದಿಷ್ಟು ಒಳಗೆ ಹೋಗುತ್ತದೆ, ಇಲ್ಲವೇ ಹೊರಗೆ ಬರುತ್ತದೆ. ಬಲಗಡೆ ಆ ಬಿಲ್ಲೆ ನಡುಗೀಟಿನ ಹತ್ತಿರ ನಿಂತಿತ್ತು. ಎಡಗಡೆ ಪೂರ್ತಿ ತಿರುಗಿ ಕೊನೆ ಮುಟ್ಟಿತ್ತು. ಇನ್ನು ತಿರುಗಿಸಲು ಜಾಗವೇ ಇಲ್ಲ. ಹುಡುಗ ಹೆಚ್ಚು ಮಾತಾಡಲಿಲ್ಲ, ‘ಇದು ಅಲೈನ್‌ಮೆಂಟಿನ ಕೆಲಸ ಅಲ್ಲ ಸಾರ್’ ಅನ್ನುವ ಅರ್ಥದಲ್ಲಿ ತಲೆ ಅಲ್ಲಾಡಿಸಿದ. ಕಾರಿನ ಮೈಯೇ ಅಲ್ಲಿ ಸೊಟ್ಟಗಾಗಿದೆ.

ಮೂರನೇ ಸಲ ಹೋದದ್ದು ಫ್ರೇಮ್ ಅಳೆಯುವವರ ಹತ್ತಿರ. ಹಿಂದಿನ ಸಬ್‌ಫ್ರೇಮ್, ಅಂದರೆ ಸಸ್ಪೆನ್ಷನ್ ಹೊರುವ ಚೌಕಟ್ಟು, ಕೂರುವ ಜಾಗ ಎಡಗಡೆ ಕೆಲವು ಮಿಲಿಮೀಟರ್ ಸರಿದಿದೆ, ಎಳೆದು ಕೂರಿಸಲು 3,900 ಡಾಲರ್ ಅಂದರು. ಬರೀ ಅಳತೆಗೇ 220. ಅವತ್ತು ರಾತ್ರಿ ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ: ಕಾರಿನ ಗುರುತಿನ ಸಂಖ್ಯೆಯಾದ 17 ಅಕ್ಷರದ ವಿನ್ ನಂಬರನ್ನು ಹಾಗೇ ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಹರಾಜಿನ ಹಳೇ ಫೋಟೋಗಳು ಹನ್ನೊಂದು ಸಿಕ್ಕವು. ಮುಂದಿನ ಬಂಪರು ಹೋಗಿತ್ತು, ನಿಜ. ಫೆಂಡರು ಹೋಗಿತ್ತು, ಅದೂ ನಿಜ. ಏಳನೇ ಫೋಟೋದಲ್ಲಿ ಹಿಂದಿನ ಎಡ ಚಕ್ರ ಕಾಲು ಮುರಿದ ಕುರ್ಚಿಯ ಹಾಗೆ ಒಳಗೆ ಮಡಚಿಕೊಂಡು ಬಿದ್ದಿತ್ತು. ದುಡ್ಡು ಕೊಟ್ಟು ತರಿಸಿದ ಹಿಸ್ಟರಿ ರಿಪೋರ್ಟಿನಲ್ಲಿ ಇದ್ದದ್ದು ‘ಮುಂಭಾಗಕ್ಕೆ ಹಾನಿ’ ಎಂಬ ಒಂದೇ ಸಾಲು. ಬಿಟ್ಟಿ ಸಿಕ್ಕ ಫೋಟೋದಲ್ಲಿ ಇಡೀ ಪುರಾಣ.

ಬೆಳ್ಳಿ ಕಾರಿನ ಟೈರು? ನಾಲ್ಕೂ ಸಮನಾಗಿ ಸವೆಯುತ್ತಿವೆ.

ಏರ್‌ಬ್ಯಾಗಿನದು ಚಿಕ್ಕ ವಿಷಯ, ಆದರೆ ಕೆಂಪನ್ನು ಮನೆಯಿಂದ ಹೊರಡಿಸಿದ್ದು ಅದೇ. ಇಷ್ಟೆಲ್ಲ ಆದಮೇಲೆ ಒಬ್ಬ ಸ್ವತಂತ್ರ ಮೆಕ್ಯಾನಿಕ್ ಹತ್ತಿರ ಇಡೀ ಕಾರು ಬಿಚ್ಚಿ ತೋರಿಸಿದೆ. ಡ್ರೈವರ್ ಸೀಟಿನಲ್ಲಿ ಪಕ್ಕದ ಏರ್‌ಬ್ಯಾಗ್ ಇರುತ್ತದೆ, ಅದರ ವೈರಿನ ಕನೆಕ್ಟರ್ ಹಳದಿ ಬಣ್ಣದ್ದು. ಆತ ಸೀಟಿನ ಕೆಳಗೆ ಕೈ ಹಾಕಿ ಆ ವೈರು ಎಳೆದರೆ ತುದಿಯಲ್ಲಿ ಏರ್‌ಬ್ಯಾಗ್ ಇಲ್ಲ. ಕಪ್ಪು ಟೇಪು ಸುತ್ತಿದ, ಕೊತ್ತಂಬರಿ ಬೀಜದಷ್ಟು ದಪ್ಪದ ಒಂದು ರೆಸಿಸ್ಟರ್. ಅದನ್ನು ಸಿಕ್ಕಿಸಿದರೆ ಕಾರಿನ ಕಂಪ್ಯೂಟರ್ ಏರ್‌ಬ್ಯಾಗ್ ಇದೆ ಅಂದುಕೊಳ್ಳುತ್ತದೆ, ಡ್ಯಾಶ್‌ಬೋರ್ಡಿನ ಕೆಂಪು ದೀಪ ಶಿಸ್ತಾಗಿ ಹೊತ್ತಿ ಶಿಸ್ತಾಗಿ ಆರುತ್ತದೆ. ದೀಪ ನೋಡಿ ‘ಎಲ್ಲ ಸರಿಯಿದೆ’ ಅಂದುಕೊಂಡಿದ್ದೆನಲ್ಲ, ಅಷ್ಟು ದಿನ ಆ ಬೀಜದ ಮೇಲೆ ಕೂತು ಆಫೀಸಿಗೆ ಹೋಗಿ ಬಂದಿದ್ದೆ. ಏರ್‌ಬ್ಯಾಗ್ ಹಾಕಿದ್ದರೂ ನಂಬುವ ಹಾಗಿಲ್ಲ. ಅಪಘಾತವಾದ ಕಾರುಗಳಿಗೆ ಹಾಕಿದ ಅಗ್ಗದ ನಕಲಿ ಇನ್‌ಫ್ಲೇಟರ್‌ಗಳು ಸಿಡಿದು ಜನ ಸತ್ತಿದ್ದಾರೆ ಅಂತ ಇಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆ ಎನ್‌ಎಚ್‌ಟಿಎಸ್‌ಎ 2024ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ರೆಸಿಸ್ಟರನ್ನು ಮನೆಗೆ ತಂದು ಊಟದ ಟೇಬಲ್ ಮೇಲೆ ಇಟ್ಟೆ. ನನ್ನ ಹೆಂಡತಿ ಅದನ್ನು ನೋಡಿ, ‘ರೀ, ಜುಟ್ಟಿಗೆ ಮಲ್ಲಿಗೆ ಹೂವು ಮುಡಿಸಿದ್ದು ಸಾಕು, ಇದನ್ನ ಮೊದಲು ಮಾರಿ’ ಅಂದಳು.

ಇನ್ಶೂರೆನ್ಸ್: ಆರು ಕಂಪನಿಗೆ ಫೋನ್ ಮಾಡಿದೆ, ಐದು ಕಡೆ ಬರೀ ಲಯಬಿಲಿಟಿ. ಎದುರಿನವರ ಕಾರಿಗೆ ನಾನು ಗುದ್ದಿದರೆ ಅವರಿಗೆ ಸಿಗುತ್ತದೆ, ನನಗೆ ಏನೂ ಇಲ್ಲ. ಆರನೆಯವರು ಪೂರ್ತಿ ಕವರ್ ಕೊಡುತ್ತೇವೆ, ಆದರೆ ಕ್ಲೇಮಿನ ಹೊತ್ತಿಗೆ ಕಾರಿನ ಬೆಲೆಯನ್ನು ಕ್ಲೀನ್ ಕಾರಿಗಿಂತ ಬಹಳ ಕಡಿಮೆ ಹಿಡಿಯುತ್ತೇವೆ ಅಂದರು. ಪ್ರೀಮಿಯಂ ಮಾತ್ರ ಕಡಿಮೆ ಅಲ್ಲ. ನಾನು ಲಯಬಿಲಿಟಿ ಸಾಕು ಅಂದುಕೊಂಡೆ, ಆ ವರ್ಷವೇ ನಮ್ಮ ಕಡೆ ನಿಂಬೆಹಣ್ಣಿನ ಗಾತ್ರದ ಆಲಿಕಲ್ಲು ಬಿತ್ತು. ಈ ಮಾಡೆಲಿನ ಬಾನೆಟ್ಟು ಅಲ್ಯೂಮಿನಿಯಂ. ಅಲ್ಯೂಮಿನಿಯಂ ತಗ್ಗು ಎತ್ತುವುದಕ್ಕೆ ಉಕ್ಕಿನದಕ್ಕಿಂತ ಹೆಚ್ಚು ಕೇಳುತ್ತಾರೆ. ಎತ್ತಿಸಲಿಲ್ಲ, ಹಾಗೇ ಓಡಿಸಿದೆ, ಇಡ್ಲಿ ತಟ್ಟೆ ಹೊತ್ತ ಹಾಗೆ.

ಸಾಲ: ರೀಬಿಲ್ಟ್ ಟೈಟಲಿಗೆ ನನ್ನ ಬ್ಯಾಂಕು ಕೊಡಲಿಲ್ಲ.

ವಾರಂಟಿ: ಮರೆತುಬಿಡಿ.

ಮುಳುಗಿದ ಕಾರಿನ ಅನುಭವ ನನಗಿಲ್ಲ. ಆದರೆ 2017ರ ಹಾರ್ವೀ ಚಂಡಮಾರುತದಲ್ಲಿ ಹ್ಯೂಸ್ಟನ್ ಸುತ್ತಮುತ್ತ ಲಕ್ಷಗಟ್ಟಲೆ ಕಾರು ನೀರಿನಲ್ಲಿ ನಿಂತಿದ್ದವು. ಅವುಗಳಲ್ಲಿ ಕೆಲವು ಬೇರೆ ರಾಜ್ಯಕ್ಕೆ ಹೋಗಿ ಟೈಟಲ್ ‘ತೊಳೆಸಿಕೊಂಡು’, ಅಂದರೆ ಆ ಷರಾ ಅಳಿಸಿಕೊಂಡು, ಮತ್ತೆ ಮಾರಾಟಕ್ಕೆ ಬರುತ್ತವೆ. 2022ರಲ್ಲಿ ಬೆಂಗಳೂರಿನ ಎಪ್ಸಿಲಾನ್ ಬಡಾವಣೆಯಲ್ಲಿ ತೇಲಿದ ದುಬಾರಿ ಕಾರುಗಳ ವಿಡಿಯೋ ನೋಡಿದಾಗಲೂ ಇದೇ ಯೋಚನೆ ಬಂತು, ಅವೆಲ್ಲ ಈಗ ಯಾರ ಮನೆ ಮುಂದೆ ನಿಂತಿವೆಯೋ. ಗುದ್ದಿದ ಕಾರಿನ ಸೊಟ್ಟವನ್ನು ಅಳೆಯಬಹುದು, ನೀರು ಕುಡಿದ ವೈರಿಂಗ್ ಯಾವತ್ತು ಕೈಕೊಡುತ್ತದೆ ಎನ್ನುವುದನ್ನು ಅಳೆಯುವ ಟೇಪು ಇಲ್ಲ.

ಇನ್ನು ಬೆಳ್ಳಿ. ಇದೇನು ಅಪರಂಜಿ ಅಲ್ಲ. ಟಾಪಿನ ಬಟ್ಟೆ ಹರಿದಿತ್ತು, ಹೊಸದಕ್ಕೆ 1,400. ಶಾಕ್ ಅಬ್ಸಾರ್ಬರ್‌ಗಳಲ್ಲಿ ಎಣ್ಣೆ ಸೋರುತ್ತಿತ್ತು, ನಾಲ್ಕಕ್ಕೆ 900. ಕೂಲೆಂಟಿನ ಪ್ಲಾಸ್ಟಿಕ್ ಡಬ್ಬಿ ಬಿರುಕು ಬಿಡುವುದು ಈ ಪೀಳಿಗೆಯ ಮಿಯಾಟಾಗಳ ಹಳೇ ಕಾಯಿಲೆ, ನನ್ನದಕ್ಕೂ ಬಂತು, 90. ಸೀಟಿನ ಎಡ ಅಂಚು ಯಾರೋ 16 ವರ್ಷ ಉಜ್ಜಿ ಉಜ್ಜಿ ಹತ್ತಿ ಕಾಣಿಸುತ್ತಿದೆ. ಆದರೆ ಈ ಪ್ರತಿಯೊಂದೂ ಕೊಳ್ಳುವ ಮುಂಚೆಯೇ ನನಗೆ ಗೊತ್ತಿತ್ತು. ಮಾರಿದವರು ರಿಟೈರಾದ ಮೇಷ್ಟರು. ಆಯಿಲ್ ಬದಲಾಯಿಸಿದ ರಸೀದಿಗಳನ್ನೆಲ್ಲ ಶೂ ಡಬ್ಬಿಯಲ್ಲಿ ಇಟ್ಟಿದ್ದರು. ನಾನು 180 ಡಾಲರ್ ಕೊಟ್ಟು ನನ್ನ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಿದ್ದೆ. ಆತ ಮೊದಲು ಮಲಗಿ ನೋಡಿದ್ದು ಹಿಂದಿನ ಎಡ ಚಕ್ರದ ಬಿಲ್ಲೆಯನ್ನು. ಅಪ್ಪನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ‘ಹಳೇದು ಕಣೋ ಇದು’ ಅಂದರು. ‘ಹಳೇದೇ ಅಪ್ಪ, ಮುರಿದದ್ದಲ್ಲ’ ಅಂದೆ.

ಲೆಕ್ಕ ಹೀಗಿದೆ. ಕೆಂಪಿಗೆ 12,800 ಕೊಟ್ಟು, ಟೈರು, ಅಲೈನ್‌ಮೆಂಟು, ಅಳತೆ ಎಲ್ಲ ಸೇರಿ 1,230 ಸುರಿದು, 17 ತಿಂಗಳ ಮೇಲೆ 7,500ಕ್ಕೆ ಮಾರಿದೆ. ಕೊಂಡವನು ರೇಸ್ ಟ್ರ್ಯಾಕಿನಲ್ಲಿ ಮಾತ್ರ ಓಡಿಸುವವನು, ಸೀಟು ಕಿತ್ತು ರೋಲ್ ಕೇಜ್ (ಕಾರು ಮಗುಚಿದರೆ ಕಾಪಾಡುವ ಕೊಳವೆಗಳ ಪಂಜರ) ಹಾಕುತ್ತಾನಂತೆ. ಪ್ರಿಂಟೌಟು, ಹನ್ನೊಂದು ಫೋಟೋ, ರೆಸಿಸ್ಟರ್ ಎಲ್ಲ ಒಂದು ಕವರಿನಲ್ಲಿ ಹಾಕಿ ಕೈಗೆ ಕೊಟ್ಟೆ. ಅವನಿಗೆ ಅದು ಒಳ್ಳೆಯ ಕಾರೇ. ಸ್ವಂತ ಲಿಫ್ಟು, ವೆಲ್ಡಿಂಗ್ ಕೈ, ಫ್ರೇಮ್ ಅಳೆಯುವ ಸ್ನೇಹಿತ ಇದ್ದವರಿಗೂ ಇರಬಹುದು. ನನಗೆ ಟೈರಿಗೆ ಗಾಳಿ ಹಿಡಿಯಲು ಬರುತ್ತದೆ, ಆಯಿಲ್ ಬದಲಾಯಿಸಲು ಬರುತ್ತದೆ, ಅಲ್ಲಿಗೆ ಮುಗಿಯಿತು. ಬೆಳ್ಳಿಗೆ ಇಲ್ಲಿಯವರೆಗೆ ರಿಪೇರಿ ಸೇರಿ 10,290, ಮೆಕ್ಯಾನಿಕ್ಕಿನ 180 ಬೇರೆ. ಇವತ್ತು ಮಾರಿದರೆ ಏಳು ಸಾವಿರಕ್ಕೆ ಮೋಸವಿಲ್ಲ.

ಕ್ಲೀನ್ ಟೈಟಲಿನ 2016ರದ್ದೇ ಬೇಕು ಅಂದರೆ ಆಗ 19,000 ಆಗುತ್ತಿತ್ತು, ನನ್ನ ಹತ್ತಿರ ನಗದು ಇದ್ದದ್ದು 13,000. ಶನಿವಾರ ಬೆಳಿಗ್ಗೆ ಎರಡು ಗಂಟೆ ಟಾಪು ತೆಗೆದು ಸುತ್ತುವುದಕ್ಕೆ ಸಾಲ ಮಾಡುವವನು ನಾನಲ್ಲ. ಹಾಗಾಗಿ ಅದು ನನ್ನ ಹೋಲಿಕೆಗೆ ಬರುವುದೇ ಇಲ್ಲ.

ಬೆಳ್ಳಿಗೆ ಮಳೆಗಾಲದ ಮುಂಚೆ ಒಂದು ಸೇವೆ ಮಾಡಬೇಕು. ಟಾಪಿನ ನೀರು ಇಳಿದುಹೋಗುವ ಎರಡು ತೂತು ಸೀಟಿನ ಹಿಂದೆ ಇವೆ, ಕಸ ಕಟ್ಟಿಕೊಂಡರೆ ನೀರು ಒಳಗೆ ಬರುತ್ತದೆ. ಹುಲ್ಲು ಕತ್ತರಿಸುವ ಮೆಷಿನ್ನಿನ ನೈಲಾನ್ ದಾರ ಒಂದು ಮೊಳ ಕತ್ತರಿಸಿ ಮೇಲಿಂದ ಇಳಿಬಿಟ್ಟು ಆಡಿಸಿದರೆ ಕೆಳಗೆ ಕೊಳೆತ ಎಲೆಯ ಜೊತೆ ಕಪ್ಪು ನೀರು ಬೀಳುತ್ತದೆ. ಹೋದ ವಾರ ಮಾಡಿದೆ. ಮುಂದಿನ ತಿಂಗಳು ಕ್ಲಚ್ಚಿನ ಸ್ಲೇವ್ ಸಿಲಿಂಡರು, ಪಾರ್ಟು ಆಗಲೇ ತಂದು ಗರಾಜಿನ ಶೆಲ್ಫಿನ ಮೇಲೆ ಇಟ್ಟಿದ್ದೇನೆ.