340 ರೂಪಾಯಿ ಪಿನ್ ವೈಸು, ಮೂರು ವರ್ಷ, ಏಳು ಮುರಿದ ಡ್ರಿಲ್ ಬಿಟ್ಟು

ಪಿನ್ ವೈಸ್ ಅಂದ್ರೆ ಸಣ್ಣ ಸಣ್ಣ ತೂತು ಕೊರೆಯೋ ಕೈ ಡ್ರಿಲ್ಲು. ತಗೊಂಡಿದ್ದು 2022ರ ದಸರಾ ಹೊತ್ತಿಗೆ, ಆನ್‌ಲೈನಲ್ಲಿ, 340 ರೂಪಾಯಿ. ಅಲ್ಯೂಮಿನಿಯಂ ಹಿಡಿ, ಹಿಂದ್ಗಡೆ ತಿರುಗೋ ಟೋಪಿ, ಮುಂದ್ಗಡೆ ಬಿಟ್ ಕಚ್ಚೋ ಬಾಯಿ, ಜೊತೆಗೆ ಹತ್ತು ಸಣ್ಣ ಡ್ರಿಲ್ ಬಿಟ್ಟು. ಕರೆಂಟ್ ಇಲ್ಲ ಮೋಟ್ರು ಇಲ್ಲ, ಎರಡು ಬೆರಳಲ್ಲಿ ತಿರುಗಿಸ್ಬೇಕು ಅಷ್ಟೆ. ಕಂಪನಿ ಹೆಸರು ಹೇಳಲ್ಲ, ಮುಂದೆ ಬೈಯೋದಿದೆ.

ಯಾಕೆ ತಗೊಂಡೆ ಅಂದ್ರೆ, ನಾವು ತುಮಕೂರಲ್ಲೇ ಅಶೋಕನಗರದಿಂದ ಬಟವಾಡಿ ಕಡೆ ಮನೆ ಬದಲಾಯಿಸಿದ್ವಿ, ನನ್ನ ಪ್ಲಾಸ್ಟಿಕ್ ವಿಮಾನಗಳನ್ನ ನ್ಯೂಸ್ ಪೇಪರಲ್ಲಿ ಸುತ್ತಿ ಅಮ್ಮನ ಸೀರೆ ಟ್ರಂಕಲ್ಲಿಟ್ಟು ತಂದೆ, ತೆಗೆದು ನೋಡಿದ್ರೆ 1/72 ಅಳತೆಯ (ಅಸಲಿಗಿಂತ 72 ಪಟ್ಟು ಚಿಕ್ಕದು) ಮಿಗ್-21ಗೆ ಮೂಗಿನ ಕಡ್ಡಿ ಇಲ್ಲ, ಹಂಟರ್‌ಗೆ ಚಕ್ರದ ಒಂದು ಕಾಲಿಲ್ಲ, ಜಾಗ್ವಾರ್ ಚಕ್ರ ಎರಡು ಪೇಪರ್ ಮಡಿಕೆಲಿ ಸಿಕ್ತು. ಫೆವಿಕ್ವಿಕ್ ಹಾಕಿ ಅಂಟಿಸ್ದೆ. ಹದಿನೈದು ದಿನಕ್ಕೆ ಮತ್ತೆ ಬಿತ್ತು. ಮತ್ತೆ ಅಂಟಿಸ್ದೆ, ಮತ್ತೆ ಬಿತ್ತು. ಆ ಥರ ಗಮ್ಮು ಎಳೆದ್ರೆ ತಡ್ಕೊಳತ್ತೆ, ಪಕ್ಕದಿಂದ ಒಂದೇಟು ಬಿದ್ರೆ ಬಿಸ್ಕತ್ ಥರ ಪಟ್ ಅನ್ನತ್ತೆ. ಒಂದು ಮಿಲಿಮೀಟರ್ ದಪ್ಪದ ಕಾಲಿನ ತುದಿಗೆ ತುದಿ ಅಂಟಿಸಿದ್ರೆ ಗಮ್ಮಿಗೆ ಹಿಡ್ಕೊಳಕ್ಕೆ ಜಾಗನೇ ಇರಲ್ವಲ್ಲ. ಎರಡೂ ತುಂಡಲ್ಲಿ ತೂತು ಕೊರೆದು ಮಧ್ಯೆ ತಂತಿ ಕೂರಿಸ್ಬೇಕು, ಭಾರ ಹೊರೋದು ತಂತಿ, ಗಮ್ಮು ತಂತಿ ಜಾರ್ದಂಗೆ ನೋಡ್ಕೊಂಡ್ರೆ ಸಾಕು. ಅದಕ್ಕೇ ಈ ಪಿನ್ ವೈಸ್.

ಹಂಟರ್ ಕಾಲಲ್ಲಿ ಮೊದಲನೇ ಪಾಠ ಆಯ್ತು. ಬಿಟ್ಟಿಟ್ಟು ತಿರುಗಿಸ್ದೆ, ಜಾರಿ ಪಕ್ಕಕ್ಕೆ ಹೋಗಿ ಗೋಡೆ ಒಡ್ಕೊಂಡು ಆಚೆ ಬಂತು. ಆಮೇಲೆ ಗೊತ್ತಾಯ್ತು, ಮೊದ್ಲು ಕೈವಾರದ ಮೊನೆಲಿ ನಟ್ಟನಡುವೆ ಒಂದು ಗುಳಿ ಮಾಡ್ಕೊಬೇಕು, ಬಿಟ್ಟು ಅಲ್ಲೇ ಕೂರತ್ತೆ. ಒತ್ತಬಾರ್ದು. ಟೋಪಿನ ಅಂಗೈಲಿ ಇಟ್ಕೊಂಡು ನಾಲ್ಕು ಸುತ್ತು ಮುಂದೆ, ಒಂದು ಸುತ್ತು ಹಿಂದೆ, ಹೊರಗೆ ತೆಗೆದು ಪುಡಿ ಊದು, ಮತ್ತೆ. ಆ ಪುಡಿ ಹಿಟ್ಟಿನ ಥರ ಅಲ್ಲ, ಎಳೆ ಎಳೆಯಾಗಿ ಶಾವಿಗೆ ಥರ ಬರತ್ತೆ, ಹಂಗೆ ಬಂತು ಅಂದ್ರೆ ಸರಿಯಾಗಿ ಕೊರೀತಿದೆ ಅಂತ. ಮೋಟ್ರು ಡ್ರಿಲ್ಲಲ್ಲಿ ಮಾಡಿದ್ರೆ ಬಿಸಿಗೆ ಪ್ಲಾಸ್ಟಿಕ್ ಕರಗಿ ಬಿಟ್ಟಿಗೇ ಸುತ್ಕೊಳತ್ತೆ, ಅದನ್ನೂ ಮಾಡಿ ನೋಡಿದೀನಿ ಬಿಡಿ.

ಎರಡನೇ ತುಂಡಿನ ತೂತು ಮೊದಲನೇದಕ್ಕೆ ಎದುರಾಗಿ ಬರೋದೇ ಕಷ್ಟ. ಮೊದಲನೇ ತೂತಿಗೆ ತಂತಿ ಹಾಕಿ, ಕೂದಲೆಳೆಯಷ್ಟು ಮಾತ್ರ ಆಚೆ ಕಾಣೋ ಹಾಗೆ ಬಿಟ್ಟು, ಅದರ ತುದಿಗೆ ಪೇಂಟ್ ಮುಟ್ಟಿಸಿ, ಇನ್ನೊಂದು ತುಂಡನ್ನ ಒಂದ್ಸಲ ಒತ್ತಿ ತೆಗೆದ್ರೆ ಅಲ್ಲಿ ಚುಕ್ಕೆ ಬೀಳತ್ತೆ. ಆ ಚುಕ್ಕೆ ಮೇಲೆ ಕೊರೀರಿ. ಎರಡೂ ಕಡೆ ಮೂರು ಮಿಲಿಮೀಟರ್ ಒಳಗೆ ಹೋದ್ರೆ ಸಾಕು. ಗಮ್ಮನ್ನ ಟ್ಯೂಬಿಂದ ಸುರೀಬೇಡಿ, ಉರಿದು ಉಳಿದ ಊದುಬತ್ತಿ ಕಡ್ಡಿ ತುದಿಲಿ ಒಂದು ಹನಿ ಎತ್ಕೊಂಡು ಮುಟ್ಟಿಸಿ. ಕ್ಯಾನೋಪಿ, ಅಂದ್ರೆ ಪೈಲಟ್ ತಲೆ ಮೇಲಿನ ಗಾಜಿನಂಥ ಮುಚ್ಚಳ, ಅದರ ಹತ್ರ ಮಾತ್ರ ಆ ಗಮ್ಮು ತರ್ಲೇಬೇಡಿ, ಅದರ ಹಬೆಗೆ ಬೆಳ್ಳಗೆ ಮಂಜು ಕವಿಯತ್ತೆ, ಅಲ್ಲಿಗೆ ಬಿಳಿ ಫೆವಿಕಾಲೇ ಸರಿ.

ಮಿಗ್-21 ಮೂಗಿನ ಕಡ್ಡಿಗೆ, ಅದೇ ಪಿಟೋ ಟ್ಯೂಬ್ ಅಂತಾರಲ್ಲ ಗಾಳಿ ವೇಗ ಅಳೆಯೋದು, ಅದಕ್ಕೆ ಮೆಡಿಕಲ್ ಶಾಪಲ್ಲಿ 26 ಗೇಜ್ ಸೂಜಿ ತಂದೆ. ಹೊರಗಡೆ ದಪ್ಪ 0.46 ಮಿಲಿಮೀಟರ್, 0.5 ಬಿಟ್ಟಿನ ತೂತಿಗೆ ಅಚ್ಚುಕಟ್ಟಾಗಿ ಕೂರತ್ತೆ. ಕಟಿಂಗ್ ಪ್ಲೇಯರಲ್ಲಿ ಕತ್ತರಿಸಿದ್ರೆ ಕೊಳವೆ ಚಪ್ಪಟೆ ಆಗತ್ತೆ, ಸಣ್ಣ ಅರದಲ್ಲಿ ಸುತ್ತ ಗೀರಿ ಮುರೀಬೇಕು. ಅದರೊಳಗೆ ಗಿಟಾರಿನ ಅತಿ ತೆಳು ತಂತಿ, 0.009 ಇಂಚಿಂದು, ಅಂದ್ರೆ 0.23 ಮಿಲಿಮೀಟರು, ತೂರಿಸಿದ್ರೆ ಬುಡ ದಪ್ಪ ತುದಿ ಸಣ್ಣ, ಥೇಟ್ ಅಸಲಿ ಥರ. ಆ ತಂತಿ ಕತ್ತರಿಸಕ್ಕೆ ಹೋಗಿ ಅಮ್ಮನ ನೈಲ್ ಕಟರ್ ಬಾಯಿ ಹಾಳು ಮಾಡಿದೀನಿ, ಅಮ್ಮಂಗೆ ಇನ್ನೂ ಗೊತ್ತಿಲ್ಲ. ಕತ್ತರಿಸುವಾಗ ಕನ್ನಡಕ ಹಾಕ್ಕೊಳಿ, ತುಂಡು ಎಲ್ಲಿಗೆ ಹಾರತ್ತೋ ಹೇಳಕ್ಕಾಗಲ್ಲ. 1963ರಲ್ಲಿ ನಮ್ಮ ವಾಯುಪಡೆಗೆ ಬಂದ ಮಿಗ್-21 2025ರ ಸೆಪ್ಟೆಂಬರ್ 26ಕ್ಕೆ ಚಂಡೀಗಡದಲ್ಲಿ ನಿವೃತ್ತಿ ಆಯ್ತಲ್ಲ, ಅವತ್ತು ನಮ್ಮನೇದನ್ನ ಶೋಕೇಸಿಂದ ತೆಗೆದು ಟೀವಿ ಮುಂದೆ ಇಟ್ಟಿದ್ದೆ, ಕಡ್ಡಿ ನೆಟ್ಟಗಿತ್ತು.

ಈಗ ಬೈಗುಳ. ಜೊತೆಗೆ ಬಂದ ಬಿಟ್ಟು ಕೆಲಸಕ್ಕೆ ಬರಲ್ಲ. 0.5 ಅಂತ ಬರ್ದಿದ್ದು ಕ್ಯಾಲಿಪರಲ್ಲಿ ಅಳೆದ್ರೆ 0.6, ಸೂಜಿ ಲೊಡಲೊಡ ಅಂತು. ಮೊದಲ ವರ್ಷದಲ್ಲೇ ನಾಲ್ಕು ಮುರೀತು, ಒಂದಂತೂ ಜಾಗ್ವಾರ್ ಕಾಲೊಳಗೇ ಮುರ್ಕೊಂಡು ಅಲ್ಲೇ ಇದೆ, ಅದನ್ನೇ ಪಿನ್ನು ಅನ್ಕೊಂಡು ಅಂಟಿಸ್ದೆ. ಮಾರಿದವ್ರಿಗೆ ಫೋಟೋ ಸಮೇತ ಬರ್ದೆ, ಹತ್ತು ದಿನ ಕಳೆದೋಯ್ತು ಸಾರ್ ಅಂದ್ರು. ಒಂದೂವರೆ ವರ್ಷಕ್ಕೆ ಬಾಯಿ ಸವೆದು 0.3 ಬಿಟ್ಟು ಕಚ್ಚೋದೇ ನಿಲ್ಲಿಸ್ತು. ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಲ್ಲಿ ಸರ್ಕ್ಯೂಟ್ ಬೋರ್ಡ್ ಕೊರೆಯೋ ಕಾರ್ಬೈಡ್ ಬಿಟ್ಟು ತಂದೆ, ಆ ಬಿಟ್ಟಿನ ಬುಡ 3 ಮಿಲಿಮೀಟರ್ ಮೇಲೆ ದಪ್ಪ ಇರೋದ್ರಿಂದ ಸವೆದ ಬಾಯಿಗೂ ಗಟ್ಟಿ ಕೂರತ್ತೆ. ಚೂಪು ಅಂದ್ರೆ ಚೂಪು, ಆದ್ರೆ ಕೈ ಒಂಚೂರು ಓರೆ ಆದ್ರೂ ಟಿಕ್. ಮೂರು ಹೋಯ್ತು ಹಂಗೆ.

ಎಲ್ಲದಕ್ಕೂ ಆಗತ್ತೆ ಅಂತಾನೂ ಅಲ್ಲ. ನಮ್ಮ ಗುಬ್ಬಿ ಹತ್ರ ಎಚ್‌ಎಎಲ್ ಹೆಲಿಕಾಪ್ಟರ್ ಫ್ಯಾಕ್ಟರಿ 2023ರ ಫೆಬ್ರವರಿಲಿ ಉದ್ಘಾಟನೆ ಆಯ್ತಲ್ಲ, ಆ ಹುರುಪಲ್ಲಿ ಒಂದು ಚೀತಾ ಹೆಲಿಕಾಪ್ಟರ್ ಕಟ್ಟಿದ್ದೆ. ಅದರ ಬಾಲ ಪೂರ್ತಿ ಕಂಬಿ ಕಂಬಿ, ಪ್ಲಾಸ್ಟಿಕ್ಕಲ್ಲಿ ಅರ್ಧ ಮಿಲಿಮೀಟರೂ ದಪ್ಪ ಇಲ್ಲ, ಎಲ್ಲಿ ಕೊರೀತೀರಿ. ಮುರಿದ ಕಂಬಿನ ಪೂರ್ತಿ ಕಿತ್ತು ಗಿಟಾರ್ ತಂತಿನೇ ಹಾಕ್ಬೇಕಾಯ್ತು, ಮೂರು ಭಾನುವಾರ ಹಿಡೀತು.

ಐದಕ್ಕೆ ನಾಲ್ಕು ಕೊಡ್ತೀನಿ, ಆ ನಾಲ್ಕೂ ಹಿಡಿಗೆ, ಬಿಟ್ಟಿಗೆ ಸೊನ್ನೆ. ಮೊನ್ನೆ ಅಕ್ಕನ ಮಗ ಬಂದು ಮಿಗ್ಗನ್ನ ಎತ್ಕೊಂಡು ಡುರ್ರ್ ಅಂತ ಹಾರಿಸಿ ಸೋಫಾಗೆ ಗುದ್ದಿಸ್ದ, ಪಿಟೋ ಬಗ್ಗಿತು, ಮುರೀಲಿಲ್ಲ, ಬೆರಳಲ್ಲೇ ನೆಟ್ಟಗೆ ಮಾಡ್ದೆ. ಸೋಫಾ ಕವರಲ್ಲಿ ಒಂದು ತೂತಾಗಿದೆ, ಅಕ್ಕ ಬೈದಿದ್ದು ನಂಗೆ.