ಬೆಚ್ಚಗಿನ ಊರು, ಸಣ್ಣ ಸಂಬಳ: ಪುಣೆ, ಗೋವಾ, ಮುಂಬಯಿಗಳಲ್ಲಿ ಬಾಳಿ ನೋಡಿದ್ದು

ಮೂಡಿಗೆರೆ ಕಡೆಯ ಮಳೆಗಾಲವನ್ನು ಬಲ್ಲವರಿಗೆ, ನಾನು ಬೆಚ್ಚಗಿನ ಊರನ್ನೇ ಏಕೆ ಹುಡುಕಿಕೊಂಡು ಹೊರಟೆ ಎಂಬುದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಚಿಕ್ಕಂದಿನಿಂದಲೂ ಉಬ್ಬಸದ ತೊಂದರೆಯಿದ್ದ ನನಗೆ ವರ್ಷದ ಅರ್ಧ ಭಾಗ ಕಂಬಳಿಯೊಳಗೇ ಕಳೆಯುತ್ತಿತ್ತು. ಬಿ.ಕಾಂ. ಮುಗಿದಾಗ ನನ್ನ ಮುಂದಿದ್ದ ಷರತ್ತುಗಳು ಎರಡೇ: ಊರು ಬೆಚ್ಚಗಿರಬೇಕು, ಮೊದಲ ಸಂಬಳದಲ್ಲಿ ಮನೆಯಿಂದ ಹಣ ತರಿಸಿಕೊಳ್ಳದೆ ಬದುಕುವಂತಿರಬೇಕು. 2021ರ ಆಗಸ್ಟ್‌ನಿಂದ 2023ರ ಮೇವರೆಗೆ ಪುಣೆಯಲ್ಲಿ, ಅಲ್ಲಿಂದ 15 ತಿಂಗಳು ಗೋವಾದಲ್ಲಿ, 2024ರ ಸೆಪ್ಟೆಂಬರ್‌ನಿಂದ ಮುಂಬಯಿಯ ಹೊರಮೈಯಲ್ಲಿರುವ ಡೊಂಬಿವಲಿಯಲ್ಲಿ ವಾಸಿಸಿ ಈ ಎರಡು ಷರತ್ತುಗಳನ್ನೂ ಪರೀಕ್ಷಿಸಿದ್ದೇನೆ. ಈಗ ನನ್ನ ಚಿಕ್ಕಪ್ಪನ ಮಗ ಪದವಿ ಮುಗಿಸಿ ಇದೇ ಪ್ರಶ್ನೆಯನ್ನು ಕೇಳುತ್ತಿದ್ದಾನೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಹೊರಡುವ ಮೊದಲು ನಾನು ಮಾಡಿದ ತಪ್ಪೆಂದರೆ ಬಾಡಿಗೆಯ ಅಂಕಿಗಳನ್ನು ಮಾತ್ರ ಹೋಲಿಸಿದ್ದು. ಮುಂಬಯಿ ಎಂದರೆ ಕೈಗೆಟುಕದ ಊರು, ಪುಣೆ ಎಂದರೆ ವಿದ್ಯಾರ್ಥಿಗಳ ಊರು, ಗೋವಾ ಎಂದರೆ ಸಣ್ಣ ಊರು, ಆದ್ದರಿಂದ ಅಗ್ಗ ಎಂಬ ಎಣಿಕೆ ನನ್ನದಾಗಿತ್ತು. ಸ್ವಂತ ವಾಹನವಿಲ್ಲದೆ ಆ ಊರಿನಲ್ಲಿ ಕೆಲಸಕ್ಕೆ ಹೋಗಿಬರಲು ಸಾಧ್ಯವೇ ಎಂಬ ಪ್ರಶ್ನೆಯೇ ಬಾಡಿಗೆಗಿಂತ ದೊಡ್ಡದೆಂದು ತಿಳಿಯಲು ನನಗೆ ಮೂರು ವರ್ಷ ಬೇಕಾದವು.

ಪುಣೆ ಹೊಸಬನನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಸದಾಶಿವ ಪೇಠೆ, ನವಿ ಪೇಠೆಗಳ ಹಳೆಯ ಮನೆಗಳಲ್ಲಿ ‘ಕಾಟ್ ಬೇಸಿಸ್’ ಎಂಬ ಪದ್ಧತಿ ಇದೆ. ಕೋಣೆಗಲ್ಲ, ಒಂದು ಮಂಚಕ್ಕೆ ಬಾಡಿಗೆ. ನಾನು ಮಂಚಕ್ಕೆ 5,500 ರೂಪಾಯಿ ಕೊಡುತ್ತಿದ್ದೆ, ಮುಂಗಡ ಒಂದೇ ತಿಂಗಳದ್ದು. ಊಟಕ್ಕೆ ಮೆಸ್ಸಿಗೆ ತಿಂಗಳಿಗೆ 3,200 ರೂಪಾಯಿ. ಭಾನುವಾರ ಮಧ್ಯಾಹ್ನ ಸಿಹಿಯೂಟ, ಅಂದು ರಾತ್ರಿ ರಜೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗಾಗಿ ಇರುವ ‘ಅಭ್ಯಾಸಿಕಾ’ಗಳಲ್ಲಿ ತಿಂಗಳ ಲೆಕ್ಕದಲ್ಲಿ ಒಂದು ಮೇಜು, ಒಂದು ದೀಪ ದೊರೆಯುತ್ತವೆ. ಕೆಲಸವಿನ್ನೂ ಸಿಗದವನು, ಅಥವಾ ಕೆಲಸ ಮಾಡುತ್ತಲೇ ಮುಂದಿನ ಪರೀಕ್ಷೆಗೆ ಓದಬೇಕೆನ್ನುವವನು ಇಷ್ಟು ಕಡಿಮೆ ಹಣದಲ್ಲಿ ಮರ್ಯಾದೆಯಿಂದ ಇರಬಹುದಾದ ಊರು ಈ ಮೂರರಲ್ಲಿ ಪುಣೆಯೊಂದೇ ಎಂದು ನಾನು ನಿಸ್ಸಂಕೋಚವಾಗಿ ಹೇಳಬಲ್ಲೆ. ಕನ್ನಡಿಗನಿಗೆ ಅಲ್ಲಿ ಪರಕೀಯತೆಯೂ ಕಡಿಮೆ. ಗದಗದಿಂದ ಬಂದ ಭೀಮಸೇನ ಜೋಶಿಯವರು ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ಹೆಸರಿನಲ್ಲಿ ಬೆಳೆಸಿದ ಸಂಗೀತೋತ್ಸವ ಡಿಸೆಂಬರ್‌ನಲ್ಲಿ ಇಂದಿಗೂ ನಡೆಯುತ್ತದೆ. ಆ ದಿನಗಳಲ್ಲಿ ಧಾರವಾಡದ ಕನ್ನಡ ಪುಣೆಯ ಬೀದಿಯಲ್ಲಿ ಕಿವಿಗೆ ಬೀಳುವುದು ನನ್ನ ಪಾಲಿಗೆ ದೊಡ್ಡ ಸಮಾಧಾನವಾಗಿತ್ತು.

ಆದರೆ ನನ್ನ ಕಚೇರಿ ಊರ ಹೊರಗಿನ ಐಟಿ ಕಂಪನಿಗಳ ಬಡಾವಣೆಯಾದ ಹಿಂಜವಡಿಯಲ್ಲಿತ್ತು. ಪೇಠೆಯಿಂದ ಅಲ್ಲಿಗೆ ನಗರ ಬಸ್ಸಿನಲ್ಲಿ ಹೋಗಿಬರುವುದು ಮೊದಲ ತಿಂಗಳಿನಲ್ಲಿಯೇ ಅಸಾಧ್ಯವೆನಿಸಿತು. ಬಸ್ಸಿಗಾಗಿ ಕಾಯುವ ಹೊತ್ತು, ಅದನ್ನು ಬಿಟ್ಟರೆ ಸಿಗುವ ವಾಹನದಟ್ಟಣೆ, ಎರಡೂ ಸೇರಿ ನನ್ನನ್ನು ಸಾಲ ಮಾಡಿ ಸ್ಕೂಟರ್ ಕೊಳ್ಳುವಂತೆ ಮಾಡಿದವು. ಕಂತು 2,600, ಪೆಟ್ರೋಲು 2,000. ಸಂಬಳವಾದರೋ 18,000. ಕೈಖರ್ಚು, ಔಷಧಿ ಕಳೆದರೆ ತಿಂಗಳ ಕೊನೆಗೆ ಉಳಿಯುತ್ತಿದ್ದುದು 1,600ರ ಆಸುಪಾಸು. 2022ರ ಮಾರ್ಚ್‌ನಲ್ಲಿ ಮೆಟ್ರೊ ಆರಂಭವಾಯಿತಾದರೂ ಆಗ ಓಡುತ್ತಿದ್ದುದು ಎರಡು ತುಂಡು ದಾರಿಗಳಲ್ಲಿ ಮಾತ್ರ. ಈಗ ಪಿಂಪ್ರಿಯಿಂದ ಸ್ವಾರಗೇಟ್‌ವರೆಗೆ, ವನಾಜ್‌ನಿಂದ ರಾಮವಾಡಿವರೆಗೆ ಗಾಡಿಗಳು ಓಡುತ್ತಿವೆ. ಈ ಎರಡು ಗೆರೆಗಳ ಮೇಲೆ ಕೆಲಸ ಸಿಕ್ಕವನು ಪುಣೆಯ ಬಗ್ಗೆ ನನಗಿಂತ ಒಳ್ಳೆಯ ಮಾತನ್ನು ಆಡಬಹುದು.

ಪುಣೆಯ ಇನ್ನೊಂದು ಸಂಗತಿಯನ್ನು ನಾನು ಮೊದಲೇ ವಿಚಾರಿಸಬೇಕಾಗಿತ್ತು. ಊರು ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿ, ಸಹ್ಯಾದ್ರಿಯ ಮಳೆನೆರಳಿನಲ್ಲಿದೆ. ಮಳೆ ಹಿತಮಿತ, ಗೋಡೆಗಳು ಒಣಗಿರುತ್ತವೆ, ಇದು ಉಬ್ಬಸದವರಿಗೆ ವರವೇ. ಆದರೆ ಸಮುದ್ರದ ಆಸರೆಯಿಲ್ಲದ ಕಾರಣ ಹಗಲು ರಾತ್ರಿಗಳ ನಡುವೆ ಉಷ್ಣಾಂಶ ಬಹಳ ಏರಿಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ದಾಟುವ ಊರಿನಲ್ಲಿಯೇ ಡಿಸೆಂಬರ್ ಬೆಳಗಿನಲ್ಲಿ 10–12 ಡಿಗ್ರಿ. ಅಂಥ ಬೆಳಗುಗಳಲ್ಲಿ ಸ್ಕೂಟರ್ ಮೇಲೆ ಹಿಂಜವಡಿಯವರೆಗೆ ತಣ್ಣನೆಯ ಗಾಳಿಯನ್ನು ಸೀಳಿಕೊಂಡು ಹೋದ ಎರಡು ಚಳಿಗಾಲಗಳಲ್ಲಿ ನನ್ನ ಇನ್ಹೇಲರ್ ಮತ್ತೆ ಜೇಬಿಗೆ ಬಂತು. ಬೆಚ್ಚಗಿನ ಊರು ಎಂಬ ಹೆಸರು ಪುಣೆಗೆ ವರ್ಷದ ಒಂಬತ್ತು ತಿಂಗಳಿಗೆ ಮಾತ್ರ ಸಲ್ಲುತ್ತದೆ.

ಗೋವಾಕ್ಕೆ ಹೋದದ್ದು ವೆರ್ಣಾ ಕೈಗಾರಿಕಾ ವಸಾಹತಿನ ಒಂದು ಔಷಧ ಕಾರ್ಖಾನೆಯ ಲೆಕ್ಕಪತ್ರ ವಿಭಾಗಕ್ಕೆ. ಸಂಬಳ 21,000. ಜೂನ್ ತಿಂಗಳಿನಲ್ಲಿ ಕೋಲ್ವಾ ಬಳಿ 5,000 ರೂಪಾಯಿಗೆ ಒಂದು ಇಡೀ ಕೋಣೆ ದೊರೆತಾಗ ನನ್ನ ಹುಡುಕಾಟ ಮುಗಿಯಿತೆಂದುಕೊಂಡೆ. ಅಕ್ಟೋಬರ್ ಮೊದಲ ವಾರ ಮನೆಯೊಡತಿ ಬಹಳ ಸೌಜನ್ಯದಿಂದಲೇ, ಪ್ರವಾಸಿಗರು ಬರುವ ಕಾಲವಾಯಿತು, ಈ ತಿಂಗಳೊಳಗೆ ಬೇರೆ ಕಡೆ ನೋಡಿಕೊಳ್ಳಿ ಎಂದರು. ಕರಾರುಪತ್ರವೇ ಇರಲಿಲ್ಲ, ಬಾಯಿಮಾತಿನ ವ್ಯವಹಾರ. ಕಡಲತೀರದ ಹಳ್ಳಿಗಳಲ್ಲಿ ಮಳೆಗಾಲದ ಬಾಡಿಗೆಯನ್ನು ನೋಡಿ ವರ್ಷದ ಲೆಕ್ಕ ಹಾಕಬಾರದೆಂಬುದು ಅಲ್ಲಿಯವರಿಗೆಲ್ಲ ಗೊತ್ತಿದ್ದ ವಿಷಯ, ನನಗೊಬ್ಬನಿಗೆ ಗೊತ್ತಿರಲಿಲ್ಲ. ಅಲ್ಲಿಂದ ವಾಸ್ಕೊಗೆ ಬಂದು 8,000 ರೂಪಾಯಿಯ ಕೋಣೆ ಹಿಡಿದೆ. ಅದು ಬಂದರಿನ ಊರು. ಪ್ರವಾಸಿಗರ ಕಾಲಕ್ಕೆ ತಕ್ಕಂತೆ ಬಾಡಿಗೆ ಕುಣಿಯುವುದಿಲ್ಲ. ಬಾಗಲಕೋಟೆ, ಗದಗ, ವಿಜಯಪುರ ಕಡೆಯಿಂದ ದುಡಿಯಲು ಬಂದ ಕುಟುಂಬಗಳು ವಾಸ್ಕೊ, ಝುವಾರಿನಗರಗಳಲ್ಲಿ ಸಾಕಷ್ಟಿರುವುದರಿಂದ ಸಂತೆಯಲ್ಲಿ ಕನ್ನಡದಲ್ಲಿಯೇ ಚೌಕಾಸಿ ಮಾಡಬಹುದು. ಘಟ್ಟದ ಮೇಲಿನವರನ್ನು ‘ಘಾಟಿ’ ಎಂದು ಕರೆಯುವ ರೂಢಿಯೂ ಅಲ್ಲಿದೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ನೋವಾಗಿದೆ, ಅದನ್ನು ಮುಚ್ಚಿಡಲಾರೆ.

ಖರ್ಚಿನ ಮಾತಿಗೆ ಬಂದರೆ, ಗೋವಾದಲ್ಲಿ ಪೆಟ್ರೋಲು ಮಹಾರಾಷ್ಟ್ರಕ್ಕಿಂತ ಅಗ್ಗ, ತರಕಾರಿ ಅಗ್ಗವಲ್ಲ. ಅದರ ಬಹುಪಾಲು ಬೆಳಗಾವಿಯಿಂದ ಘಟ್ಟ ಇಳಿದು ಬರುತ್ತದೆ. ಸರ್ಕಾರದ ತೋಟಗಾರಿಕಾ ನಿಗಮದ ಹಸಿರು ಗೂಡಂಗಡಿಗಳಲ್ಲಿ ರಿಯಾಯಿತಿ ದರದಲ್ಲಿ ಸಿಗುವುದರಿಂದ ಅಡುಗೆ ಮಾಡಿಕೊಳ್ಳುವವನಿಗೆ ಅವೇ ಗತಿ. ಬೆಳಿಗ್ಗೆ ಸೈಕಲ್ ಮೇಲೆ ಬರುವ ಪೊದೇರನ, ಎಂದರೆ ಬ್ರೆಡ್ ಮಾರುವವನ, ಬಿಸಿ ಪಾವು ನನ್ನ ತಿಂಡಿಯನ್ನು ಎಷ್ಟೋ ದಿನ ನಡೆಸಿತು. ಬಸ್ಸುಗಳು ಹಗಲಿನಲ್ಲಿ ಚೆನ್ನಾಗಿಯೇ ಓಡುತ್ತವೆ, ರಾತ್ರಿ ಎಂಟು ದಾಟಿತೆಂದರೆ ಅನುಮಾನ. ಎರಡನೇ ಪಾಳಿ ಮುಗಿಸಿ ಹೊರಬಂದವನಿಗೆ ಸ್ವಂತ ವಾಹನವೇ ದಿಕ್ಕು. ಹೀಗಾಗಿ ಪುಣೆಯ ಸ್ಕೂಟರ್, ಅದರ ಕಂತು ಎರಡೂ ನನ್ನೊಡನೆ ಬಂದವು. ಬಾಡಿಗೆ 8,000, ಊಟ 4,500, ಸ್ಕೂಟರಿಗೆ 4,500, ಮೇಲುಖರ್ಚು 2,000 ಹೋಗಿ ಉಳಿದದ್ದು ಎರಡು ಸಾವಿರ. ಸಂಬಳ ಮೂರು ಸಾವಿರ ಹೆಚ್ಚಿದ್ದರೂ ಉಳಿತಾಯ ನಾನೂರು ಮಾತ್ರ ಹೆಚ್ಚಾಯಿತು.

ಚಳಿಯ ವಿಷಯದಲ್ಲಿ ಗೋವಾ ನಿರಾಶೆ ಮಾಡಲಿಲ್ಲ. ಜನವರಿಯ ಬೆಳಗಿನಲ್ಲಿಯೂ ತೆಳು ಹೊದಿಕೆ ಸಾಕು, ಗಾಳಿಯೂ ಶುದ್ಧ. ಆದರೆ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ನಾಡು ಅದು. ಜುಲೈ ಬಂತೆಂದರೆ ಚಪ್ಪಲಿ, ಚೀಲ, ಪದವಿಪತ್ರದ ಕಡತ ಎಲ್ಲದರ ಮೇಲೂ ಬೂಷ್ಟು. ಮೂಡಿಗೆರೆಯಲ್ಲಿ ನನ್ನನ್ನು ಕಾಡಿದ್ದು ಚಳಿಯೊಂದೇ ಎಂದು ಭಾವಿಸಿದ್ದೆ. ಕಾಡಿದ್ದರಲ್ಲಿ ಅರ್ಧ ಪಾಲು ಗೋಡೆಯ ಬೂಷ್ಟಿನದೆಂದು ಕೋಲ್ವಾದ ಆ ಕೋಣೆಯಲ್ಲಿ ತಿಳಿಯಿತು.

ಡೊಂಬಿವಲಿಯನ್ನು ನಾನು ಆರಿಸಿಕೊಂಡದ್ದಲ್ಲ, ಅಂಧೇರಿಯಲ್ಲಿ 26,000 ರೂಪಾಯಿಯ ಕೆಲಸ ಸಿಕ್ಕಾಗ ಅಷ್ಟು ಸಂಬಳದವರು ಹೋಗುವ ಕಡೆಗೆ ಹೋದೆ. ಒಂದು ಮಲಗುವ ಕೋಣೆಯ ಮನೆಗೆ 13,500 ಬಾಡಿಗೆ, 51,000 ಠೇವಣಿ, ದಲಾಲಿಗೆ ಒಂದು ತಿಂಗಳ ಬಾಡಿಗೆ. ಮೂವರು ಹಂಚಿಕೊಂಡರೂ ಮೊದಲ ದಿನವೇ ತಲೆಗೆ 26,000 ರೂಪಾಯಿ ಬೇಕಾಯಿತು. ಮುಂಬಯಿ ಹೊಸಬರನ್ನು ಸೋಲಿಸುವುದು ಈ ಬಾಗಿಲಿನಲ್ಲಿಯೇ. ನನ್ನ ತಂದೆ ಕಾಫಿ ಮಾರಿದ ಹಣದಲ್ಲಿ ಕೊಡದಿದ್ದರೆ ನಾನೂ ಹಿಂದಿರುಗುತ್ತಿದ್ದೆ. ಹನ್ನೊಂದು ತಿಂಗಳ ‘ಲೀವ್ ಅಂಡ್ ಲೈಸೆನ್ಸ್’ ಕರಾರು ಮಾತ್ರ ನೋಂದಣಿಯಾಗಲೇಬೇಕು. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯಿದೆ ಆ ಹೊಣೆಯನ್ನು ಮಾಲೀಕನ ಮೇಲೆಯೇ ಹೊರಿಸಿದೆ. ಕೋಲ್ವಾದ ಅನುಭವದ ನಂತರ ಆ ಕಾಗದವನ್ನು ಕೈಯಲ್ಲಿ ಹಿಡಿದಾಗ ನನಗಾದ ನೆಮ್ಮದಿ ಸಣ್ಣದಲ್ಲ.

ಆ ಬಾಗಿಲನ್ನು ದಾಟಿದ ಮೇಲೆ ಲೆಕ್ಕ ತಿರುಗಿತು. ಸ್ಕೂಟರ್ ಮಾರಿದೆ. ಡೊಂಬಿವಲಿಯಿಂದ ಘಾಟ್ಕೋಪರ್‌ವರೆಗೆ ಫಾಸ್ಟ್ ಲೋಕಲ್, ಅಲ್ಲಿಂದ ಅಂಧೇರಿ ಕಡೆಗೆ ಮೆಟ್ರೊ. ಲೋಕಲ್ ಪಾಸು, ಮೆಟ್ರೊ, ನಿಲ್ದಾಣದವರೆಗಿನ ಶೇರ್ ರಿಕ್ಷಾ ಎಲ್ಲ ಸೇರಿ ತಿಂಗಳಿಗೆ 2,200. ಬಾಡಿಗೆಯ ಪಾಲು 4,500, ವಿದ್ಯುತ್ತು ಇತ್ಯಾದಿಗೆ 800, ಅಡುಗೆಯವರ ಸಂಬಳವೂ ಸೇರಿ ಊಟಕ್ಕೆ 5,000, ಮೇಲುಖರ್ಚು 3,000. ಉಳಿಯುವುದು 10,500. ಸಂಬಳ ಹೆಚ್ಚಿರುವುದರಿಂದಲೇ ಇದು ಎನ್ನಬಹುದು. ಆದರೆ ಗೋವಾದ 21,000ವನ್ನೇ ಇಲ್ಲಿಟ್ಟು ನೋಡಿದರೂ 5,500 ಉಳಿಯುತ್ತದೆ. ವ್ಯತ್ಯಾಸದ ಬೇರು ಇರುವುದು ಸ್ಕೂಟರ್ ಇಲ್ಲದಿರುವುದರಲ್ಲಿ ಮತ್ತು ಮನೆ ಹಂಚಿಕೊಂಡದ್ದರಲ್ಲಿ.

ಇದಕ್ಕೆ ತೆರುವ ಬೆಲೆ ಹೊತ್ತು. ದಿನಕ್ಕೆ ಮೂರು ಗಂಟೆ ದಾರಿಯಲ್ಲಿಯೇ ಕಳೆಯುತ್ತದೆ. ಬೆಳಗಿನ ಎಂಟರ ಗಾಡಿಯಲ್ಲಿ ಕೂರುವ ಆಸೆಯನ್ನು ಬಿಟ್ಟವನಿಗೆ ಮಾತ್ರ ಈ ಊರು. ಮೂವರ ಆಸನದಲ್ಲಿ ಒತ್ತಿಕೊಂಡು ‘ಫೋರ್ತ್ ಸೀಟ್’ ಸಿಕ್ಕರೆ ಅದೇ ಪುಣ್ಯ. ಭಾನುವಾರ ಮಾಟುಂಗಕ್ಕೆ ಹೋಗಿ, 1942ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಉಂಡು, ಮೈಸೂರು ಅಸೋಸಿಯೇಷನ್‌ನಲ್ಲೋ ಕರ್ನಾಟಕ ಸಂಘದಲ್ಲೋ ಏನಾದರೂ ಕಾರ್ಯಕ್ರಮವಿದ್ದರೆ ಕೂತು ಬರುವುದು ನನ್ನ ರೂಢಿ. ಅದಕ್ಕೂ ಮೊದಲು ಅಂದಿನ ಮೆಗಾ ಬ್ಲಾಕ್, ಎಂದರೆ ಹಳಿ ದುರಸ್ತಿಗಾಗಿ ಲೋಕಲ್ ಗಾಡಿಗಳನ್ನು ತಡೆಯುವುದು, ಎಲ್ಲಿಂದ ಎಲ್ಲಿಗೆ ಎಂದು ನೋಡಿಕೊಳ್ಳಬೇಕು. ಇಷ್ಟಾದರೂ ಕನ್ನಡದ ಇಷ್ಟು ಗಟ್ಟಿಯಾದ ನೆರೆ ನನಗೆ ಪುಣೆಯಲ್ಲಾಗಲಿ ವಾಸ್ಕೊದಲ್ಲಾಗಲಿ ಸಿಕ್ಕಿರಲಿಲ್ಲ.

ಉಬ್ಬಸದ ಮಟ್ಟಿಗೆ, ಚಳಿ ಇಲ್ಲಿ ಇಲ್ಲವೇ ಇಲ್ಲ. ಮಳೆ ಗೋವಾಕ್ಕಿಂತ ಕಡಿಮೆ, ನಾಲ್ಕನೇ ಮಹಡಿಯ ಮನೆಗೆ ಬೂಷ್ಟು ಹತ್ತುವುದೂ ಕಡಿಮೆ. ಮಳೆ ಹಿಂದೆ ಸರಿದ ಮೇಲಿನ ಅಕ್ಟೋಬರ್‌ನ ಧಗೆ ಮೇಗಿಂತ ಕಷ್ಟ, ಡಿಸೆಂಬರ್ ಜನವರಿಗಳಲ್ಲಿ ಕಟ್ಟಡ ಕಾಮಗಾರಿಯ ಧೂಳು ಗಾಳಿಯಲ್ಲಿ ನಿಂತುಬಿಡುತ್ತದೆ. ಆ ಎರಡು ತಿಂಗಳು ಮುಖಗವಸು ಹಾಕಿಕೊಂಡೇ ಹೋಗುತ್ತೇನೆ. ಇನ್ಹೇಲರ್ ಬಳಸಿದ್ದು ಪುಣೆಗಿಂತ ಕಡಿಮೆ, ವಾಸ್ಕೊಗಿಂತ ಸ್ವಲ್ಪ ಹೆಚ್ಚು.

ಊರಿಗೆ ಹೋಗುವ ದಾರಿಯೂ ಲೆಕ್ಕಕ್ಕೆ ಬರುತ್ತದೆ. ಥಾಣೆಯಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ರೈಲು ಹತ್ತಿದರೆ ಬೆಳಿಗ್ಗೆ ಕರಾವಳಿ, ಅಲ್ಲಿಂದ ಚಾರ್ಮಾಡಿ ಘಾಟಿ ಹತ್ತಿದರೆ ನಮ್ಮ ಮನೆ. ಅದೇ ಗಾಡಿ ಮಡಗಾಂವ್‌ನಲ್ಲಿಯೂ ನಿಲ್ಲುವುದರಿಂದ ಗೋವಾ ಇನ್ನೂ ಹತ್ತಿರ. ಪುಣೆಯಿಂದಾದರೆ ರಾತ್ರಿಯಿಡೀ ಹೆದ್ದಾರಿಯ ಬಸ್ಸು.

ತಮ್ಮನ ಕೈಯಲ್ಲಿ ಇನ್ನೂ ಕೆಲಸವಿಲ್ಲ, ಬ್ಯಾಂಕ್ ಪರೀಕ್ಷೆಗೆ ಓದುವ ಮನಸ್ಸಿದೆ, ಅವನಿಗೆ ಉಬ್ಬಸವೂ ಇಲ್ಲ. ಆದ್ದರಿಂದ ನಾನೇ ಬಿಟ್ಟುಬಂದ ಪುಣೆಗೆ ಅವನನ್ನು ಹೋಗೆಂದಿದ್ದೇನೆ. ಪೇಠೆಯಲ್ಲಿಯೇ ಮಂಚ ಹಿಡಿ, ಸ್ಕೂಟರ್ ಕೊಳ್ಳಬೇಡ, ಕೆಲಸ ಸಿಕ್ಕರೆ ಮೆಟ್ರೊ ಗೆರೆಯ ಮೇಲಿನದನ್ನೇ ಮೊದಲು ನೋಡು ಎಂದಿದ್ದೇನೆ. ಗೋವಾಕ್ಕೆ ನೇಮಕಾತಿ ಪತ್ರ ಕೈಯಲ್ಲಿಲ್ಲದೆ ಹೋಗಬೇಡ, ಹೋದರೂ ಜೂನ್‌ನ ಬಾಡಿಗೆಯನ್ನು ನಂಬಬೇಡ ಎಂದೂ ಹೇಳಿದ್ದೇನೆ. ಮುಂಬಯಿಗೆ ಬರುವುದಾದರೆ ಮೂವತ್ತು ಸಾವಿರ ಕೂಡಿಸಿಕೊಂಡು ಬರಲಿ. ನಮ್ಮ ಮನೆಯ ಮೂವರಲ್ಲಿ ಒಬ್ಬರು ಬರುವ ಮಾರ್ಚ್‌ನಲ್ಲಿ ಬಿಟ್ಟುಹೋಗುವವರಿದ್ದಾರೆ.