ಫ್ಯಾಕ್ಟರಿ ಟ್ರೈನಿಂಗ್‌ಗೆ ವಿಶ್ವವಿದ್ಯಾಲಯದ ಲೈಬ್ರರಿ: ಹೊರಗಿನ ಸದಸ್ಯಳೊಬ್ಬಳ ವಿಮರ್ಶೆ

ಓದಿದ್ದರಲ್ಲಿ ಶೇ 10 ನೆನಪಿರುತ್ತದೆ, ಕೇಳಿದ್ದರಲ್ಲಿ ಶೇ 20, ನೋಡಿದ್ದರಲ್ಲಿ ಶೇ 30, ಕೈಯಾರೆ ಮಾಡಿದ್ದರಲ್ಲಿ ಶೇ 90. ಯಾವುದಾದರೂ ಕಂಪನಿಯ ಟ್ರೈನಿಂಗ್‌ನಲ್ಲಿ ಕೂತವರು ಈ ಸ್ಲೈಡ್ ನೋಡಿಯೇ ಇರುತ್ತೀರಿ. ಒಂದು ತ್ರಿಕೋನ, ಅದರೊಳಗೆ ಬಣ್ಣಬಣ್ಣದ ಪಟ್ಟಿ, ಪಕ್ಕದಲ್ಲಿ ಈ ಅಂಕಿಗಳು, ಕೆಳಗೆ ಎಡ್ಗರ್ ಡೇಲ್ ಅಂತ ಅಮೆರಿಕದ ಶಿಕ್ಷಣ ತಜ್ಞರೊಬ್ಬರ ಹೆಸರು.

ನಾನು ದಾವಣಗೆರೆಯ ಒಂದು ಗಾರ್ಮೆಂಟ್ಸ್ ಯೂನಿಟ್‌ನಲ್ಲಿ ಟ್ರೈನಿಂಗ್ ನೋಡಿಕೊಳ್ಳುತ್ತೇನೆ. ಹೊಸದಾಗಿ ಸೇರುವ ಟೈಲರ್‌ಗಳು, ಹೆಲ್ಪರ್‌ಗಳು, ಲೈನ್ ಸೂಪರ್‌ವೈಸರ್‌ಗಳು ಎಲ್ಲರೂ ನನ್ನ ಪಾಲಿಗೆ ಬರುತ್ತಾರೆ. ಹೊರಗಿನಿಂದ ಬಂದ ಟ್ರೈನರ್ ಒಬ್ಬರು ಈ ಸ್ಲೈಡ್ ತೋರಿಸಿ ಹೋದರು. ನಮ್ಮ ಮ್ಯಾನೇಜರ್‌ಗೆ ತುಂಬಾ ಹಿಡಿಸಿತು. ದೊಡ್ಡದಾಗಿ ಪ್ರಿಂಟ್ ಹಾಕಿಸಿ ಟ್ರೈನಿಂಗ್ ರೂಮಿನ ಗೋಡೆಗೆ ಅಂಟಿಸಿ ಅಂದರು. ನನಗೆ ಅನುಮಾನ. ಮನುಷ್ಯರ ನೆನಪನ್ನು ಯಾರಾದರೂ ನಿಜವಾಗಿ ಅಳೆದಿದ್ದರೆ ಉತ್ತರ ಹತ್ತು, ಇಪ್ಪತ್ತು, ಮೂವತ್ತು ಅಂತ ಇಷ್ಟು ನೀಟಾಗಿ ಬರುತ್ತದಾ? ನೆಟ್ಟಿನಲ್ಲಿ ಹುಡುಕಿದರೆ ಅದೇ ತ್ರಿಕೋನ ಬೇರೆ ಬೇರೆ ಬಣ್ಣದಲ್ಲಿ ಬರುತ್ತಿತ್ತೇ ಹೊರತು, ಯಾರು ಅಳೆದರು, ಎಲ್ಲಿ ಅಳೆದರು ಅಂತ ಒಬ್ಬರೂ ಹೇಳುತ್ತಿರಲಿಲ್ಲ.

ಉತ್ತರ ಸಿಕ್ಕಿದ್ದು ಲೈಬ್ರರಿಯಲ್ಲಿ. ಈ ವಿಮರ್ಶೆ ಬರೆಯಲು ಅದೇ ಕಾರಣ.

ದಾವಣಗೆರೆಯಿಂದ ಬೆಳಿಗ್ಗೆ ಹೋಗಿ ಸಂಜೆಗೆ ಮನೆ ಸೇರಬಹುದಾದ ದೂರದ ವಿಶ್ವವಿದ್ಯಾಲಯ ಅದು. ಹೆಸರು ಬರೆಯುವುದಿಲ್ಲ. ಮುಂದೆ ಒಂದು ದೂರು ಹೇಳುವುದಿದೆ, ಒಂದು ಲೈಬ್ರರಿಯ ಮೇಲೆ ಮಾತ್ರ ಅದನ್ನು ಹೊರಿಸುವುದು ನ್ಯಾಯವಲ್ಲ. ನನ್ನದು ಹೊರಗಿನವರಿಗೆ ಕೊಡುವ ಸದಸ್ಯತ್ವ. ಕೂತು ಓದಬಹುದು, ಪುಸ್ತಕ ಮನೆಗೆ ಒಯ್ಯುವಂತಿಲ್ಲ. ಡಿಪಾಸಿಟ್ ವಾಪಸ್ ಬರುತ್ತದೆ, ವರ್ಷದ ಶುಲ್ಕ ನನ್ನ ಸಂಬಳಕ್ಕೆ ಭಾರವಲ್ಲ. ಶಕ್ತಿ ಯೋಜನೆ ಬಂದಮೇಲೆ ಸರ್ಕಾರಿ ಬಸ್ಸಿಗೂ ದುಡ್ಡು ಕೊಡಬೇಕಾಗಿಲ್ಲ. ಆ ಟ್ರೈನರ್ ಜೊತೆಗೇ ಮಾರಲು ತಂದಿದ್ದ ಆನ್‌ಲೈನ್ ಕೋರ್ಸಿನ ಬೆಲೆಯ ಪಕ್ಕದಲ್ಲಿಟ್ಟರೆ ನನ್ನ ಇಡೀ ವರ್ಷದ ಖರ್ಚು ಏನೇನೂ ಅಲ್ಲ.

ಹೋಗುವುದು ಭಾನುವಾರ, ಅರ್ಧ ದಿನ ತೆರೆದಿರುತ್ತದೆ. ಬಾಗಿಲಲ್ಲಿ ಬ್ಯಾಗ್ ಕೊಟ್ಟು ಟೋಕನ್ ತಗೊಳ್ಳಬೇಕು. ಹಿತ್ತಾಳೆಯ ಟೋಕನ್, ನಂಬರ್ ಸವೆದು ಹೋಗಿದೆ, ಬೆರಳಲ್ಲಿ ಮುಟ್ಟಿ ನೋಡಿದರೇ ಗೊತ್ತಾಗುವುದು. ಆಮೇಲೆ ರಿಜಿಸ್ಟರ್‌ನಲ್ಲಿ ಹೆಸರು, ಸಮಯ, ಸಹಿ. ಒಳಗೆ ಒಂದು ನೋಟ್‌ಬುಕ್, ಎರಡು ಪೆನ್ನು. ಹಳೆಯ ಪತ್ರಿಕೆಗಳ ಬೈಂಡ್ ಮಾಡಿದ ಸಂಪುಟಗಳ ಪಕ್ಕ, ಕಿಟಕಿ ಕಡೆಗೆ ಒಂದು ಉದ್ದನೆಯ ಮೇಜಿದೆ. ಪರೀಕ್ಷೆಗೆ ಓದುವ ಹುಡುಗರು ಫ್ಯಾನಿನ ಕೆಳಗೇ ಕೂರುವುದರಿಂದ ಆ ಮೇಜು ಸಾಮಾನ್ಯವಾಗಿ ಖಾಲಿ. ವಾರವೆಲ್ಲ ನೂರಾರು ಮಷೀನಿನ ಸದ್ದಲ್ಲಿ ಕೆಲಸ ಮಾಡುವವಳಿಗೆ ಆ ಜಾಗದ ಮೌನ ಎಷ್ಟು ಹಿತ ಅನ್ನೋದನ್ನು ಬರೆದು ತಿಳಿಸುವುದು ಕಷ್ಟ. ಹಸಿವಾದಾಗ ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ಕೂತು ಡಬ್ಬಿಯಲ್ಲಿ ತಂದ ಮಂಡಕ್ಕಿ ಒಗ್ಗರಣೆ ತಿನ್ನುತ್ತೇನೆ. ಬರುವಾಗ ಬಸ್ಸಿನಲ್ಲಿ ನೋಟ್‌ಬುಕ್ ತೆಗೆದು, ಅವಸರದಲ್ಲಿ ಗೀಚಿದ್ದನ್ನು ಮತ್ತೆ ಓದಿ ಸರಿಮಾಡಿಕೊಳ್ಳುತ್ತೇನೆ. ಸೋಮವಾರಕ್ಕೆ ಬಿಟ್ಟರೆ ನನ್ನ ಅಕ್ಷರ ನನಗೇ ಅರ್ಥವಾಗುವುದಿಲ್ಲ.

ಹುಡುಕಾಟದ ವಿಷಯಕ್ಕೆ ಬರೋಣ. ಟ್ರೈನಿಂಗ್ ಅನ್ನುವ ವಿಷಯಕ್ಕೆ ಯಾವ ಲೈಬ್ರರಿಯಲ್ಲೂ ಒಂದೇ ಜಾಗ ಇಲ್ಲ. ಲೈಬ್ರರಿಗಳಲ್ಲಿ ವಿಷಯದ ಪ್ರಕಾರ ಪುಸ್ತಕ ಜೋಡಿಸಲು ಬಳಸುವ ಡ್ಯೂಯಿ ನಂಬರ್ ಪ್ರಕಾರ ನೌಕರರ ತರಬೇತಿ 658.3124, ಅದು ಮ್ಯಾನೇಜ್‌ಮೆಂಟ್ ಕಪಾಟು. ಕೆಲಸಗಾರರ ಮನಸ್ಸಿನ ವಿಷಯ ಬೇಕಾದರೆ 158.7, ಮನಶ್ಶಾಸ್ತ್ರದ ಕಡೆ. ಕಲಿಸುವ ವಿಧಾನ ಬೇಕಾದರೆ 370ರ ಸಾಲು, ಶಿಕ್ಷಣಶಾಸ್ತ್ರ. ನಮ್ಮಲ್ಲಿ ಇವು ಮೂರೂ ಬೇರೆ ಬೇರೆ ಮಹಡಿಯಲ್ಲಿವೆ. ಕಂಪ್ಯೂಟರ್ ಕ್ಯಾಟಲಾಗ್‌ನಲ್ಲಿ ಟ್ರೈನಿಂಗ್ ಅಂತ ಕೊಟ್ಟರೆ ಬಿ.ಎಡ್. ಪುಸ್ತಕಗಳೂ ಕ್ರೀಡಾ ತರಬೇತಿಯೂ ರಾಶಿಯಾಗಿ ಬರುತ್ತವೆ. ಮ್ಯಾನೇಜ್‌ಮೆಂಟ್ ಕಪಾಟಿನ ಪುಸ್ತಕಗಳಲ್ಲಿ ಡೇಲ್ ಹೆಸರಿತ್ತು, ಅಂಕಿಯೂ ಇತ್ತು, ಆಧಾರ ಇರಲಿಲ್ಲ. ಒಂದು ಪುಸ್ತಕ ಇನ್ನೊಂದನ್ನು ತೋರಿಸುತ್ತಿತ್ತು, ಇನ್ನೊಂದು ಮತ್ತೊಂದನ್ನು.

ಪುಸ್ತಕದ ಕಪಾಟುಗಳನ್ನು ನೋಡಿಕೊಳ್ಳುವ ಹಿರಿಯರೊಬ್ಬರು ನಾನು ಹತ್ತಿ ಇಳಿಯುವುದನ್ನು ನೋಡಿ ಕೇಳಿದರು:

"ಏನು ಹುಡುಕ್ತಾ ಇದ್ದೀರಿ ಮೇಡಂ?"

"ಎಡ್ಗರ್ ಡೇಲ್ ಅವರ ಪುಸ್ತಕ ಸರ್. ಮ್ಯಾನೇಜ್‌ಮೆಂಟ್‌ನಲ್ಲಿ ಇಲ್ಲ."

"ಅದು ಅಲ್ಲಿ ಎಲ್ಲಿರುತ್ತೆ? ಎಜುಕೇಶನ್‌ನೋರು ತರಿಸಿದ್ದು. ಬನ್ನಿ."

ಕೆಳಗಿನ ಸಾಲಿನಿಂದ ತೆಗೆದು ಕೊಟ್ಟರು. ಆಡಿಯೋ-ವಿಶುವಲ್ ಮೆಥಡ್ಸ್ ಇನ್ ಟೀಚಿಂಗ್. ಮೊದಲು ಬಂದಿದ್ದು 1946ರಲ್ಲಿ, ಆಮೇಲೆ 1954ರಲ್ಲಿ, 1969ರಲ್ಲಿ ತಿದ್ದಿದ ಆವೃತ್ತಿಗಳು. ಕೈಗೆ ಬಂದದ್ದು ನಡುವಿನದು. ಬೆನ್ನು ಬಿಟ್ಟಿತ್ತು, ದಾರ ಕಟ್ಟಿಟ್ಟಿದ್ದರು. ನಿಂತಲ್ಲೇ ಪುಟ ತಿರುವಿದೆ. ತ್ರಿಕೋನ ಸಿಕ್ಕಿತು. ಅದನ್ನು ಅವರು ಅನುಭವದ ಶಂಕು ಅನ್ನುತ್ತಾರೆ. ಬುಡದಲ್ಲಿ ನೇರ ಅನುಭವ, ಮೇಲಕ್ಕೆ ಹೋದ ಹಾಗೆ ಪ್ರಾತ್ಯಕ್ಷಿಕೆ, ಸಿನಿಮಾ, ಚಿತ್ರ, ತುದಿಯಲ್ಲಿ ಬರೀ ಮಾತು. ಒಂದೇ ಒಂದು ಅಂಕಿ ಇಲ್ಲ! ಶೇಕಡಾ ಅನ್ನುವ ಸುಳಿವೇ ಇಲ್ಲ. ಡೇಲ್ ಹೇಳಿದ್ದು ಅನುಭವ ಎಷ್ಟು ನೇರ, ಎಷ್ಟು ಅಮೂರ್ತ ಅನ್ನುವ ವ್ಯತ್ಯಾಸ ಅಷ್ಟೇ. ಯಾವುದು ಎಷ್ಟು ನೆನಪಿರುತ್ತದೆ ಅಂತ ಅವರು ಅಳೆದೂ ಇಲ್ಲ, ಬರೆದೂ ಇಲ್ಲ. ಇದನ್ನು ಮೇಲೆ ಕೆಳಗೆ ಅಂತ ಗಟ್ಟಿ ದರ್ಜೆಯಾಗಿ ಹಿಡಿಯಬೇಡಿ ಅಂತ ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ.

ಆ ಕ್ಷಣದ ಖುಷಿಗೆ ಏನು ಹೇಳಲಿ! ಆ ಹಿರಿಯರಿಗೂ ಪುಟ ತೋರಿಸಿದೆ. ಅವರೂ ಕನ್ನಡಕ ಏರಿಸಿ ನೋಡಿ, "ಹೌದಲ್ವಾ, ನಂಬರ್ರೇ ಇಲ್ಲ" ಅಂದರು. ಅಂಕಿಗಳು ಬೇರೆ ದಾರಿಯಲ್ಲಿ ಬಂದವು. 1967ರಲ್ಲಿ ಟ್ರೈಕ್ಲರ್ ಅನ್ನುವವರ ಒಂದು ಲೇಖನದಲ್ಲಿ ಆಧಾರವೇ ಕೊಡದೆ ಅಚ್ಚಾದವು. ಆಮೇಲೆ ಯಾರೋ ಅವನ್ನು ಡೇಲ್ ಅವರ ಚಿತ್ರಕ್ಕೆ ಅಂಟಿಸಿದರು. ಅಲ್ಲಿಂದ ಇಲ್ಲಿಯ ತನಕ ಸ್ಲೈಡಿನಿಂದ ಸ್ಲೈಡಿಗೆ ಹರಿದು ಬಂದಿದೆ.

ಮ್ಯಾನೇಜರ್‌ಗೆ ಆ ಪುಟದ ಜೆರಾಕ್ಸ್ ತೋರಿಸಿದೆ. ಪ್ರಿಂಟ್ ನಿಂತಿತು. ಆ ಗೋಡೆಯ ಮೇಲೆ ಈಗ ಇರುವುದೂ ಅದೇ ಲೈಬ್ರರಿಯಿಂದ ಬಂದದ್ದೇ. ಎರಡನೇ ಮಹಾಯುದ್ಧದ ಸಮಯದಲ್ಲಿ, 1940ರಿಂದ 1945ರ ತನಕ, ಅಮೆರಿಕದ ಕಾರ್ಖಾನೆಗಳಲ್ಲಿ ಟ್ರೈನಿಂಗ್ ವಿದಿನ್ ಇಂಡಸ್ಟ್ರಿ ಅಂತ ಒಂದು ಕಾರ್ಯಕ್ರಮ ನಡೆಯಿತು. ಅನುಭವವಿಲ್ಲದವರಿಗೆ ಬೇಗ ಕೆಲಸ ಕಲಿಸಬೇಕಿತ್ತು. ಅದರಲ್ಲಿ ಕೆಲಸ ಹೇಳಿಕೊಡಲು ನಾಲ್ಕು ಹೆಜ್ಜೆ: ಕಲಿಯುವವರನ್ನು ಸಿದ್ಧಮಾಡು, ಮಾಡಿ ತೋರಿಸು, ಅವರಿಂದ ಮಾಡಿಸು, ಬಿಟ್ಟು ಬಂದಮೇಲೂ ಹೋಗಿ ನೋಡುತ್ತಿರು. ಹೇಳಿಕೊಡುವ ಮೊದಲು ಕೆಲಸವನ್ನು ಬಿಡಿಸಿ ಬರೆಯಬೇಕು. ಒಂದು ಕಡೆ ಮುಖ್ಯ ಹಂತ, ಇನ್ನೊಂದು ಕಡೆ ಗಮನ ಇಡಬೇಕಾದ ಅಂಶ. ಕೆಲಸ ಕೆಡಿಸುವುದು ಯಾವುದು, ಗಾಯ ಮಾಡುವುದು ಯಾವುದು, ಸುಲಭ ಮಾಡುವುದು ಯಾವುದು ಅಂತ. ಕಾಲರ್ ಕೂಡಿಸುವ ಕೆಲಸವನ್ನು ಹೀಗೆ ನಾನು ಮತ್ತು ನಮ್ಮ ಹಿರಿಯ ಟೈಲರ್ ಕೂತು ಬರೆದೆವು. ಗುರುತಿಗೆ ಗುರುತು ಸೇರಿಸುವಾಗ ಎಡಗೈ ಎಲ್ಲಿ ಇರಬೇಕು ಅನ್ನುವುದು ಅವಳಿಗೆ ಕೈಯಲ್ಲೇ ಇತ್ತು, ಬಾಯಲ್ಲಿ ಬರುತ್ತಿರಲಿಲ್ಲ. ಬರೆದಮೇಲೆ ಬಂತು. ಈಗ ಹೊಸಬರು ಕಾಲರಿಗೆ ಬಂದಾಗ ಆಲ್ಟರ್ ಪೀಸ್, ಅಂದರೆ ಮತ್ತೆ ಸರಿಮಾಡಬೇಕಾದ ಪೀಸ್, ಮೊದಲಿನಷ್ಟು ಬರುವುದಿಲ್ಲ ಅಂತ ಲೈನ್ ಸೂಪರ್‌ವೈಸರ್ರೇ ಹೇಳುತ್ತಾರೆ.

ಇಲ್ಲಿಯವರೆಗೆ ಐದಕ್ಕೆ ಐದು ಸ್ಟಾರ್. ಈಗ ದೂರು.

ಟ್ರೈನಿಂಗ್‌ನಲ್ಲಿ ಕಲಿತದ್ದು ಲೈನಿಗೆ ಹೋದಮೇಲೆ ಯಾಕೆ ಮರೆಯಾಗುತ್ತದೆ? ನನ್ನ ಕೆಲಸದ ಅತಿ ದೊಡ್ಡ ಪ್ರಶ್ನೆ ಇದು. ಇದಕ್ಕೆ ಎಲ್ಲರೂ ಬೊಟ್ಟು ಮಾಡುವ ಲೇಖನ ಬಾಲ್ಡ್‌ವಿನ್ ಮತ್ತು ಫೋರ್ಡ್ ಅವರದು, 1988, ಪರ್ಸೊನೆಲ್ ಸೈಕಾಲಜಿ ಪತ್ರಿಕೆ. ಕಲಿಯುವವರು, ಟ್ರೈನಿಂಗಿನ ರೂಪ, ಕೆಲಸದ ಜಾಗ, ಈ ಮೂರೂ ಸೇರಿ ತೀರ್ಮಾನವಾಗುತ್ತದೆ ಅನ್ನುವುದು ಅದರ ಚೌಕಟ್ಟು. ಪಠ್ಯಪುಸ್ತಕಗಳಲ್ಲಿ ಎರಡು ಪ್ಯಾರಾ ಸಿಗುತ್ತದೆ. ನನಗೆ ಪೂರ್ತಿ ಬೇಕು. ಲೈಬ್ರರಿಯ ಕಂಪ್ಯೂಟರಿನಲ್ಲಿ ಅದು ತೆರೆಯುತ್ತದೆ, ಆದರೆ ಲಾಗಿನ್ ವಿದ್ಯಾರ್ಥಿಗಳಿಗೆ ಮತ್ತು ಅಧ್ಯಾಪಕರಿಗೆ ಮಾತ್ರ. ಹೊರಗಿನ ಸದಸ್ಯರಿಗೆ ಆ ಕಂಪ್ಯೂಟರ್ ಕೋಣೆಯ ಬಾಗಿಲೇ ತೆರೆಯುವುದಿಲ್ಲ. ಕಾಗದದ ಪತ್ರಿಕೆ ತರಿಸುವುದು ಕಡಿಮೆಯಾಗಿದೆ, ಹೊಸದೆಲ್ಲ ಕಂಪ್ಯೂಟರಿನಲ್ಲೇ. ಅಂದರೆ ನನ್ನ ಕಾರ್ಡು ವರ್ಷ ವರ್ಷಕ್ಕೂ ಹಳೆಯ ಪುಸ್ತಕಗಳಿಗೆ ಮಾತ್ರ ಸೀಮಿತವಾಗುತ್ತಿದೆ.

ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ಒಂದು ದೇಶ ಒಂದು ಚಂದಾ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ಇ-ಜರ್ನಲ್. ಸರ್ಕಾರಿ ಸಂಸ್ಥೆಗಳ ವಿದ್ಯಾರ್ಥಿಗಳು, ಅಧ್ಯಾಪಕರು, ಸಂಶೋಧಕರಿಗೆ ಇದು ದೊಡ್ಡ ವರ, ಸಂತೋಷ. ಆದರೆ ಟೈಲರ್‌ಗಳಿಗೆ ಕೆಲಸ ಕಲಿಸುವವಳು ಸಂಶೋಧನೆ ಓದಬಾರದಾ? ಓದಿದ್ದನ್ನು ಮರುದಿನವೇ ಲೈನಿನಲ್ಲಿ ಬಳಸುವವರು ನಮ್ಮಂಥವರೇ ಅಲ್ವಾ? ಮನೆಯಿಂದ ತೆರೆಯಲು ಕೊಡಬೇಡಿ, ಒಪ್ಪುತ್ತೇನೆ. ಲೈಬ್ರರಿಯೊಳಗೆ, ಸಿಬ್ಬಂದಿಯ ಕಣ್ಣೆದುರು, ಒಂದು ಮಷೀನಿನಲ್ಲಿ ಕೂತು ಓದುವ ಅವಕಾಶವಾದರೂ ಬೇಕು. ಅರ್ಜಿ ಬರೆದು ಕೊಟ್ಟಿದ್ದೇನೆ. ನೋಡೋಣ ಅಂದಿದ್ದಾರೆ, ಇನ್ನೂ ನೋಡುತ್ತಲೇ ಇದ್ದಾರೆ.

ಸಿಟ್ಟು ಸ್ವಲ್ಪ ಇಳಿಸಿದ್ದು ಕೌಂಟರಿನಲ್ಲಿದ್ದ ಹುಡುಗಿ. "ಅಕ್ಕಾ, ಶೋಧಗಂಗಾ ನೋಡಿ, ಅದಕ್ಕೆ ಲಾಗಿನ್ ಬೇಡ" ಅಂದಳು. ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಅಲ್ಲಿ ಎಲ್ಲರಿಗೂ ಪುಕ್ಕಟೆ. ಅವಳು ಹೇಳಿಕೊಟ್ಟ ಉಪಾಯ ಬಹಳ ಉಪಯೋಗಕ್ಕೆ ಬಂತು: ಪ್ರಬಂಧದ ಎರಡನೇ ಅಧ್ಯಾಯ ಮೊದಲು ತೆರೆಯಬೇಕು. ಹಿಂದೆ ಯಾರು ಏನು ಬರೆದಿದ್ದಾರೆ ಅನ್ನುವುದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ನಾನು ಓದಿದ ಪ್ರಬಂಧಗಳಲ್ಲಿ ಬಹಳಷ್ಟು, ಟ್ರೈನಿಂಗ್ ಇಷ್ಟವಾಯಿತಾ ಅಂತ ಕೇಳಿ ಅಲ್ಲಿಗೇ ನಿಲ್ಲಿಸಿವೆ. ಟ್ರೈನಿಂಗ್ ಎಷ್ಟು ಫಲ ಕೊಟ್ಟಿತು ಅಂತ ಅಳೆಯಲು ಅಮೆರಿಕದ ಕರ್ಕ್‌ಪ್ಯಾಟ್ರಿಕ್ ಅನ್ನುವವರು 1959ರಲ್ಲೇ ನಾಲ್ಕು ಹಂತ ಹೇಳಿದ್ದರು: ಇಷ್ಟವಾಯಿತಾ, ಕಲಿತರಾ, ಕೆಲಸದಲ್ಲಿ ಮಾಡುತ್ತಿದ್ದಾರಾ, ಫಲ ಬಂತಾ. ಮೊದಲನೆಯದಕ್ಕೆ ಫಾರಂ ತುಂಬಿಸಿದರೆ ಸಾಕು. ಮೂರನೆಯದಕ್ಕೆ ಮಷೀನಿನ ಪಕ್ಕ ಹೋಗಿ ನಿಲ್ಲಬೇಕು.

ಹಾಗೆ ನಿಂತು ಅಳೆದ ಒಂದು ಅಧ್ಯಯನ ಸಿಕ್ಕಿದೆ, ಅದೂ ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಗಾರ್ತಿಯರ ಮೇಲೆ. ಅಧ್ವರ್ಯು, ಕಲಾ, ನ್ಯಶಾಧಮ್ ಅವರದು, 2023ರಲ್ಲಿ ಜರ್ನಲ್ ಆಫ್ ಪೊಲಿಟಿಕಲ್ ಎಕಾನಮಿಯಲ್ಲಿ ಬಂದಿದೆ. ಹೊಲಿಗೆಯಲ್ಲ, ಮಾತುಕತೆ, ಸಮಯ ನಿಭಾಯಿಸುವುದು, ಇಂಥ ವಿಷಯಗಳ ತರಬೇತಿ. ಚೀಟಿ ಎತ್ತಿ ಆರಿಸಿದ ಹಾಗೆ ಕೆಲವರಿಗೆ ಕೊಟ್ಟು, ಕೆಲವರಿಗೆ ಕೊಡದೆ ಹೋಲಿಸಿದ್ದಾರೆ. ಮುಗಿದಮೇಲೆ ಕಲಿತವರ ಉತ್ಪಾದನೆ ಶೇ 13.5 ಜಾಸ್ತಿ. ಸಂಬಳದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಎರಡೂ ಅಂಕಿಯನ್ನು ಒಟ್ಟಿಗೇ ಮ್ಯಾನೇಜರ್ ಮುಂದೆ ಇಟ್ಟೆ. ಮೊದಲನೆಯದು ಓದಿ ಎರಡನೆಯದನ್ನು ಬಿಡಲು ನಾನು ಬಿಡಲಿಲ್ಲ. ಟ್ರೈನಿಂಗ್ ಮುಗಿಸಿದವರಿಗೆ ಗ್ರೇಡ್ ಕೊಡುವ ಮಾತು ಶುರುವಾಗಿದೆ.

ಸೇರುವವರಿಗೆ ಎರಡು ಮಾತು. ಜೆರಾಕ್ಸ್ ಬೇಕಿದ್ದರೆ ಊಟದ ಹೊತ್ತಿಗೆ ಮುಂಚೆ ಮಾಡಿಸಿಕೊಳ್ಳಿ, ಆಮೇಲೆ ಮಷೀನ್ ಇರುತ್ತದೆ, ಮಾಡುವವರು ಇರುವುದಿಲ್ಲ. ಹೊಸ ಜರ್ನಲ್ ಲೇಖನಗಳಷ್ಟೇ ನಿಮಗೆ ಬೇಕಾದರೆ ಈ ಸದಸ್ಯತ್ವ ತಗೊಳ್ಳಬೇಡಿ, ಬೇಜಾರಾಗುತ್ತದೆ. ಹಳೆಯ ಮೂಲ ಪುಸ್ತಕ ಕೈಯಲ್ಲಿ ಹಿಡಿದು ನೋಡಬೇಕು ಅನ್ನುವವರು ಖಂಡಿತ ಸೇರಿ. ನನ್ನ ಲೆಕ್ಕದಲ್ಲಿ ಮೂರೂವರೆ ಸ್ಟಾರ್. ಒಂದೂವರೆ ಆ ಕಂಪ್ಯೂಟರ್ ಕೋಣೆಯ ಬಾಗಿಲಿಗೆ ಹೋಯಿತು, ಬಾಗಿಲು ತೆರೆದ ದಿನ ವಾಪಸ್ ಕೊಡುತ್ತೇನೆ.

ಕಾರ್ಡು ಈ ವರ್ಷವೂ ನವೀಕರಿಸಿದ್ದೇನೆ. ಈಗ ಹುಡುಕುತ್ತಿರುವುದು, ಹೊಸ ಟೈಲರ್ ಪೂರ್ತಿ ಟಾರ್ಗೆಟ್ ಮುಟ್ಟಲು ಎಷ್ಟು ವಾರ ಕೊಡಬೇಕು ಅನ್ನುವುದು. ಮಾಡಿದಷ್ಟೂ ಕೈ ಹೇಗೆ ವೇಗವಾಗುತ್ತದೆ ಅನ್ನುವ ಲೆಕ್ಕವನ್ನು 1936ರಲ್ಲಿ ರೈಟ್ ಎಂಬುವರು ವಿಮಾನ ತಯಾರಿಕೆಯ ಮೇಲೆ ಬರೆದಿದ್ದಾರೆ. 658.5ರ ಸಾಲಿನಿಂದ ಶುರು ಮಾಡಿದ್ದೇನೆ. ಹರಿಹರ, ಚಿತ್ರದುರ್ಗದ ಕಡೆ ಇದೇ ಕೆಲಸ ಮಾಡುವವರು ಹೊಲಿಗೆಗೆ ಅಂಥ ಲೆಕ್ಕ ಎಲ್ಲಾದರೂ ಓದಿದ್ದರೆ ದಯವಿಟ್ಟು ತಿಳಿಸಿ. ಪುಸ್ತಕದ ಹೆಸರು, ವರ್ಷ ಸಿಕ್ಕರೆ ಸಾಕು, ಯಾವ ಮಹಡಿಯಲ್ಲಿದ್ದರೂ ಹುಡುಕಿಕೊಳ್ಳುತ್ತೇನೆ.